ಹೆಬ್ಬಾಳದ ಕೆರೆಗೆ ಕೊಂಡ ಕೋಲು

ಒಂದು ವಸ್ತುವನ್ನು ಕೊಳ್ಳುವುದರಲ್ಲಿ ಜನ ಅದೇನು ಸುಖ ಕಾಣುತ್ತಾರೋ ನನಗೆ ಈ ವಯಸ್ಸಿನವರೆಗೂ ತಿಳಿದಿಲ್ಲ. ಕೊಳ್ಳುವ ಮೊದಲು ಯಾವುದನ್ನು ಕೊಳ್ಳಲಿ ಎಂಬ ಚಿಂತೆ. ಕೊಂಡ ಮೇಲೆ ಇನ್ನೊಂದನ್ನು ಕೊಳ್ಳಬೇಕಾಗಿತ್ತೇನೋ ಎಂಬ ಚಿಂತೆ. ನಡುವೆ, ಅಂಗಡಿಯವನು ಪೊಟ್ಟಣ ಕಟ್ಟುವಷ್ಟು ಹೊತ್ತು, ಒಂದು ಚೂರು ಬಿಡುವು ಸಿಗಬಹುದು. ಆಗಲೂ ನಾನು ಪಕ್ಕದ ಗಿರಾಕಿ ಏನು ಕೊಂಡನೆಂದು ಇಣುಕುತ್ತಿರುತ್ತೇನೆ. ಛತ್ರಿ ಆರಿಸುವುದರಲ್ಲಿ ಒಂದು ಇಡೀ ಮಳೆಗಾಲ ನೆನೆದವನು ನಾನು. ಕನ್ನಡಕದ ಚೌಕಟ್ಟು ಆರಿಸಲು ಹೋದಾಗಲಂತೂ, ಯಾವುದು ಒಪ್ಪುತ್ತದೆಂದು ಕನ್ನಡಿಯಲ್ಲಿ ನೋಡಿಕೊಳ್ಳೋಣವೆಂದರೆ ಕನ್ನಡಕವಿಲ್ಲದೆ ನನ್ನ ಮುಖವೇ ನನಗೆ ಕಾಣಿಸಲಿಲ್ಲ. ಕೊನೆಗೆ ನನ್ನ ಹೆಂಡತಿ ಶಾರದೆ, "ಯಾವುದಾದ್ರೂ ಹಾಕ್ಕೊಳ್ರೀ, ನೋಡ್ಬೇಕಾದವಳು ನಾನು ತಾನೆ" ಎಂದು ಒಂದನ್ನು ನನ್ನ ಮೂಗಿಗೆ ಸಿಕ್ಕಿಸಿ ಹೊರಡಿಸಿದಳು. ಇಂಥ ಮನುಷ್ಯ ಮೀನು ಹಿಡಿಯುವ ಸಾಮಾನು ಆರಿಸಲು ಹೊರಟರೆ ಏನಾಗಬೇಕೋ ಅದೇ ಆಯಿತು. ಅಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು.

ಮೀನಿನ ಹೆಸರು ಕೇಳಿ ನನ್ನ ನೆಂಟರಿಷ್ಟರು ಗಾಬರಿಯಾಗಬೇಕಿಲ್ಲ. ಮೀನು ತಿನ್ನುವ ಆಸೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆಗ ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆ. ಹೊಸ ಯಂತ್ರ ಕೂಡಿಸಿಕೊಡಲು ಬಂದಿದ್ದ ಅಮೆರಿಕದ ಇಂಜಿನಿಯರೊಬ್ಬ ಊರಿಗೆ ಹೋಗುವಾಗ ಒಂದು ಹೊರೆ ಹಳೆಯ ಮ್ಯಾಗಜೀನುಗಳನ್ನು ನಮ್ಮ ವಿಭಾಗದಲ್ಲಿ ಬಿಟ್ಟುಹೋದ. ಅವುಗಳ ತುಂಬ ಬ್ಯಾಸ್ ಎಂಬ ಮೀನಿನ ಸುದ್ದಿ. ಅಲ್ಲಿನ ಕೆರೆಗಳಲ್ಲಿರುವ ಅಗಲ ಬಾಯಿಯ, ಮುಂಗೋಪದ ಮೀನಂತೆ ಅದು. ಅದನ್ನು ಹಿಡಿಯುವುದಕ್ಕೆ ಎಷ್ಟು ಬಗೆಯ ಕೋಲು, ದಾರ ಸುತ್ತಲು ಎಷ್ಟು ಬಗೆಯ ರೀಲು, ಗಾಳಕ್ಕೆ ಸಿಕ್ಕಿಸಲು ಎಷ್ಟು ಬಣ್ಣದ ಮರದ ಕಪ್ಪೆಗಳು! ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಜಾಹೀರಾತಿನ ಚಿತ್ರ. ನನ್ನ ವಯಸ್ಸಿನವನೇ ಒಬ್ಬ, ಬಾಯಲ್ಲಿ ಪೈಪು ಕಚ್ಚಿಕೊಂಡು, ದೋಣಿಯಲ್ಲಿ ಕೋಲು ಹಿಡಿದು ಕುಳಿತಿದ್ದಾನೆ. ಅವನ ಹಣೆಯ ಮೇಲೆ ಒಂದೇ ಒಂದು ಗೆರೆ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದು ಮೀನಲ್ಲ, ಆ ಹಣೆ. ಮೇಲಾಗಿ, ಕೆಲವರು ಹಿಡಿದ ಮೀನನ್ನು ತಿರುಗಿ ನೀರಿಗೇ ಬಿಟ್ಟುಬಿಡುತ್ತಾರೆಂದು ಅದರಲ್ಲಿ ಬರೆದಿತ್ತು. ಹಿಡಿಯುವುದು, ಕ್ಷೇಮ ವಿಚಾರಿಸುವುದು, ಬಿಡುವುದು. ಇದರಿಂದ ಯಾರ ಜಾತಿಯೂ ಕೆಡುವುದಿಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ನಮ್ಮ ಟೂಲ್ ರೂಮಿನ ಫೋರ್‌ಮನ್ ಖಾದರ್ ಸಾಹೇಬರು ಭಾನುವಾರಗಳನ್ನೆಲ್ಲ ಹೆಬ್ಬಾಳದ ಕೆರೆಗೆ ಬರೆದುಕೊಟ್ಟವರು. ಅವರಿಗೆ ಮ್ಯಾಗಜೀನು ತೋರಿಸಿದೆ. "ಈ ಮೀನು ನಮ್ ಕಡೆ ಇಲ್ಲ ರಾಯ್ರೇ. ಆದ್ರೆ ನಮ್ ಕೊರವ ಮೀನಿದೆ ನೋಡಿ, ಅದಕ್ಕೂ ಇದೇ ಸಿಟ್ಟು. ಕಪ್ಪೆ ಕಂಡ್ರೆ ಸೀದಾ ಮೈಮೇಲೆ ಬರ್ತದೆ. ಬರೋ ಭಾನುವಾರ ಬನ್ನಿ, ಒಂದು ಬಿದಿರು ಕಡ್ಡಿ ಕಡಿದ್ಕೊಡ್ತೀನಿ" ಎಂದರು. ಅಲ್ಲಿಗೆ ಒಪ್ಪಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಕಾರಣವೇ ಇರುತ್ತಿರಲಿಲ್ಲ. ಆದರೆ ಬಿದಿರು ಕಡ್ಡಿ ಹಿಡಿದವನ ಹಣೆಯ ಗೆರೆ ಹೋಗುತ್ತದೆಂದು ಆ ಮ್ಯಾಗಜೀನಿನಲ್ಲಿ ಎಲ್ಲಿಯೂ ಬರೆದಿರಲಿಲ್ಲವಲ್ಲ!

ಸರಿ, ದಂಡಿನ ಕಡೆ, ಎಂದರೆ ಕಂಟೋನ್ಮೆಂಟಿನಲ್ಲಿದ್ದ ಮೊದಲಿಯಾರರ ಅಂಗಡಿಗೆ ನನ್ನ ಯಾತ್ರೆ ಶುರುವಾಯಿತು. ಆಟದ ಸಾಮಾನಿನ ಜೊತೆಗೆ, ದೇಶ ಬಿಟ್ಟುಹೋದ ಮಿಲಿಟರಿ ಸಾಹೇಬರ ಹಳೆಯ ಗಾಳದ ಕೋಲುಗಳನ್ನೂ ಅವರು ಮಾರುತ್ತಿದ್ದರು. ಮ್ಯಾಗಜೀನು ಕೋಲು ಗಿಡ್ಡವಿರಲಿ ಎನ್ನುತ್ತಿತ್ತು. ಖಾದರ್ ಸಾಹೇಬರು ಉದ್ದವಿರಲಿ ಎನ್ನುತ್ತಿದ್ದರು. ಮೊದಲಿಯಾರರು, ನಾನು ಆಗ ಯಾವುದನ್ನು ಕೈಯಲ್ಲಿ ಹಿಡಿದಿದ್ದೇನೋ ಅದೇ ಸರಿಯಾದ ಅಳತೆ ಎನ್ನುತ್ತಿದ್ದರು. ತುದಿ ಗಟ್ಟಿಯಿದ್ದರೆ ಮೀನು ಕಚ್ಚಿದ್ದು ತಿಳಿಯುವುದಿಲ್ಲ, ಬಳುಕಿದರೆ ಮೀನು ಕೊಸರಿಕೊಳ್ಳುತ್ತದೆ. ರೀಲಿನ ಹಿಡಿ ಬಲಗಡೆಗೋ ಎಡಗಡೆಗೋ? ದಾರ ರೇಷ್ಮೆಯದೋ ನೈಲಾನಿನದೋ? ರೇಷ್ಮೆ ಕೊಳೆಯುತ್ತದಂತೆ, ನೈಲಾನು ಸಿಕ್ಕಾಗುತ್ತದಂತೆ. ಕಪ್ಪೆಯಂತೂ ನನ್ನ ಪ್ರಾಣ ತಿಂದಿತು. ಜೀವದ ಕಪ್ಪೆಯನ್ನು ಗಾಳಕ್ಕೆ ಚುಚ್ಚಲು ನನ್ನಿಂದಾಗದು, ಮರದ್ದೇ ಬೇಕು. ಆದರೆ ಹಸಿರು ಕಪ್ಪೆಯೋ ಹಳದಿ ಕಪ್ಪೆಯೋ?

"ಹೆಬ್ಬಾಳದಲ್ಲಿ ಕಪ್ಪೆ ಯಾವ ಬಣ್ಣ ಇರುತ್ತೆ?" ಎಂದು ಕೇಳಿದೆ.

"ಮೀನು ನಿಮ್ಮಷ್ಟು ವಿಚಾರ ಮಾಡಲ್ಲ ಸಾರ್" ಎಂದರು ಮೊದಲಿಯಾರರು, ಕಣ್ಣು ಮುಚ್ಚಿಕೊಂಡು. ನಾನು ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದರು.

ಕೊನೆಗೂ ಒಂದು ಕೋಲನ್ನು ಕೊಂಡೆ. ಬಿದಿರಿನ ಸಣ್ಣ ಸೀಳುಗಳನ್ನು ಅಂಟಿಸಿ ಮಾಡಿದ್ದು, ಜೇನಿನ ಬಣ್ಣ, ಉದ್ದಕ್ಕೂ ದಾರ ಹಾಯುವ ಹಿತ್ತಾಳೆ ಬಳೆಗಳು, ಹಿಡಿಯಲು ಕಾರ್ಕಿನ ಹಿಡಿ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇರಲಿಲ್ಲ, ಅಷ್ಟು ಹಗುರ. "ಯಾರೋ ಕರ್ನಲ್‌ದು ಸಾರ್. ಕಾವೇರಿಯಲ್ಲಿ ಇದು ಎತ್ತದ ಮೀನಿಲ್ಲ" ಎಂದು ಮೊದಲಿಯಾರರು ಅದರ ವಂಶಾವಳಿ ಹೇಳಿದರು. ಮತ್ತೀಕೆರೆಯ ನಮ್ಮ ಮನೆಗೆ ತಂದು, ರೀಲನ್ನೂ ಕಪ್ಪೆಯನ್ನೂ ಟ್ರಂಕಿನಲ್ಲಿ ಉಣ್ಣೆ ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಟ್ರಂಕಿನಲ್ಲಿ ಹಿಡಿಸದ ಕೋಲನ್ನು ನಡುಮನೆಯ ಮೂಲೆಗೆ ಒರಗಿಸಿದೆ. ಭಾನುವಾರ ಹೆಬ್ಬಾಳದ ಏರಿಯ ಮೇಲೆ ಖಾದರ್ ಸಾಹೇಬರನ್ನು ಕಾಣುವುದೆಂದು ಮಾತಾಗಿತ್ತು.

ಇಲ್ಲಿ ನನ್ನ ಸೋದರತ್ತೆಯವರ ಪ್ರವೇಶ. ಸುಬ್ಬತ್ತೆಗೆ ಎಪ್ಪತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದರು. ಅವರ ಮಡಿ ಎಂದರೆ ಸಾಮಾನ್ಯವಲ್ಲ. ಒಗೆದ ಹದಿನೆಂಟು ಮೊಳದ ಸೀರೆಯನ್ನು ಯಾರ ಕೈಗೂ ತಾಕದಂತೆ, ಕೋಲಿನಿಂದಲೇ ಎತ್ತಿ ಸೂರಿನ ಕೆಳಗೆ ಕಟ್ಟಿದ ಬಿದಿರು ಗಳದ ಮೇಲೆ ಹರವಬೇಕು. ಮರುದಿನ ಕೋಲಿನಿಂದಲೇ ಇಳಿಸಿ, ಅದನ್ನುಟ್ಟೇ ಅಡುಗೆ, ಪೂಜೆ. ಆ ಮಡಿಕೋಲನ್ನು ಬೇರೆಯವರು ಮುಟ್ಟುವಂತಿಲ್ಲ. ಒಂದು ಸಲ ಬೆಕ್ಕು ಸೀರೆಯ ಸೆರಗನ್ನು ಮೂಸಿತೆಂದು ಆ ದಿನವೆಲ್ಲ ನೀರೂ ಮುಟ್ಟದೆ ಕುಳಿತವರು ಅವರು. ಹಳೆಯ ಮಡಿಕೋಲು ಒನಕೆಯಷ್ಟು ಭಾರ, ಭುಜ ಬಿದ್ದುಹೋಗುತ್ತದೆ, ಹಗುರವಾದದ್ದೊಂದು ತಂದುಕೊಡೋ ಎಂದು ಅವರು ನನಗೆ ಹೇಳುತ್ತಲೇ ಇದ್ದರು. ಯಾವುದು ತರಲಿ ಎಂದು ನಾನು ಯೋಚಿಸುತ್ತಲೇ ಇದ್ದೆ.

ಶನಿವಾರ ಕಾರ್ಖಾನೆಯಿಂದ ಬಂದು ನೋಡುತ್ತೇನೆ, ಕರ್ನಲ್ ಸಾಹೇಬನ ಕೋಲು ನಡುಮನೆಯಲ್ಲಿ ಮೇಲಕ್ಕೆ ಕೆಳಕ್ಕೆ ಆಡುತ್ತಿದೆ! ಅದರ ತುದಿಯಲ್ಲಿ ಸುಬ್ಬತ್ತೆಯ ಒದ್ದೆ ಸೀರೆ.

"ಬಾರೋ ಶೀನಿ! ನೂರು ವರ್ಷ ಬಾಳು" ಎಂದರು ಅತ್ತೆ, ಮುಖವೆಲ್ಲ ಅರಳಿಸಿಕೊಂಡು. "ಬೈದುಕೋತಿದ್ದೆ ಕಣೋ ನಿನ್ನ. ಇವನಿಗೆ ನನ್ನ ಭುಜದ ನೋವು ಎಲ್ಲಿ ಕಾಣಬೇಕು ಅಂತ. ಎಂಥ ಕೋಲು ತಂದಿದ್ದೀಯೋ! ಹೂವು ಎತ್ತಿದ ಹಾಗಿದೆ. ಬಳೆ ಬೇರೆ ಹಾಕಿಸಿದ್ದೀಯ. ಹುಣಿಸೆಹಣ್ಣು ಹಾಕಿ ಉಜ್ಜಿ, ಬಾವಿ ನೀರಲ್ಲಿ ತೊಳೆದು ಮಡಿ ಮಾಡಿಕೊಂಡೆ."

ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು, ಕೈ ಚಾಚಿತು.

"ಅಲ್ಲೇ ನಿಲ್ಲು! ಮುಟ್ಟೀಯ!"

ನಿಂತೆ. ಕಾವೇರಿಯಲ್ಲಿ ಆ ಕೋಲು ಎತ್ತಿದ ಮೀನುಗಳೆಲ್ಲ ಸೀರೆಯ ಅಂಚಿನಿಂದ ತೊಟ್ಟಿಕ್ಕುತ್ತಿರುವಂತೆ ಕಂಡಿತು. ನಿಜ ಹೇಳಿಬಿಡಲೇ? ಬೆಕ್ಕಿಗೆ ಒಂದು ದಿನದ ಉಪವಾಸವಾದರೆ ಕರ್ನಲ್‌ನ ಮೀನಿಗೆ ಎಷ್ಟು? ಎಪ್ಪತ್ತು ದಾಟಿದ ಜೀವ. ಹೇಳದಿದ್ದರೆ, ನಾಳೆಯ ಭಾನುವಾರ, ಹೆಬ್ಬಾಳದ ಕೆರೆ, ಗೆರೆಯಿಲ್ಲದ ಆ ಹಣೆ? ಅಡುಗೆಮನೆಗೆ ನುಗ್ಗಿ ಶಾರದೆಯನ್ನು ತರಾಟೆಗೆ ತೆಗೆದುಕೊಂಡೆ.

"ನೀನಾದರೂ ತಡೀಬಾರದಾಗಿತ್ತಾ?"

"ಏನಂತ ತಡೀಲಿ? ಅದು ಮೀನು ಹಿಡಿಯೋ ಕೋಲು, ಬಿಡಿ ಅತ್ತೆ ಅಂತಲಾ? ನಾನು ನೋಡೋ ಹೊತ್ತಿಗೆ ಅದು ಬಾವಿಕಟ್ಟೆ ಮೇಲಿತ್ತು. ನಿಮಗೆ ಅಷ್ಟು ಧೈರ್ಯ ಇದ್ರೆ ನೀವೇ ಹೋಗಿ ಹೇಳಿ" ಎಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿರಲಿಲ್ಲವೆಂದು ಭುಜ ಕುಲುಕುವುದರಿಂದಲೇ ಗೊತ್ತಾಗುತ್ತಿತ್ತು.

ನನಗೆ ಧೈರ್ಯವಿರಲಿಲ್ಲ. ಸೋಮವಾರ ಕಾರ್ಖಾನೆಯಲ್ಲಿ ಖಾದರ್ ಸಾಹೇಬರು ನನ್ನನ್ನು ಹಿಡಿದರು. "ಏನ್ ರಾಯ್ರೇ, ಏರಿ ಮೇಲೆ ಕಾದು ಕಾದು ಸಾಕಾಯ್ತು. ಕೋಲು ಮುರೀತಾ?"

"ಮುರಿದಿಲ್ಲ ಸಾಹೇಬ್ರೇ. ಮಡಿಗೆ ಹೋಯ್ತು."

ಅವರು ಅಗ್ರಹಾರದ ಪಕ್ಕದ ಬೀದಿಯಲ್ಲಿ ಬೆಳೆದವರು, ಮಡಿಯೆಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. "ಯಾ ಅಲ್ಲಾ!" ಎಂದು ಎದೆ ಮುಟ್ಟಿಕೊಂಡರು. "ಮುರಿದಿದ್ರೆ ನಾನು ರಿಪೇರಿ ಮಾಡ್ತಿದ್ದೆ. ಇನ್ನು ಅದು ವಾಪಸ್ ಬರೋ ಮಾತೇ ಇಲ್ಲ ಬಿಡಿ."

ಬರಲಿಲ್ಲ. ಹಳೆಯ ಮಡಿಕೋಲನ್ನು ಸುಬ್ಬತ್ತೆ ಆಗಲೇ ಒಲೆಗೆ ಹಾಕಿದ್ದರು. ನಾನು ದಿನಾ ಊಟಕ್ಕೆ ಕುಳಿತಾಗ ಎದುರಿಗೇ ಆ ಕೋಲು. ಕಾರ್ಕಿನ ಹಿಡಿ ನೀರು ಕುಡಿದು ಊದಿಕೊಳ್ಳುವುದನ್ನು ನೋಡುತ್ತ ನಾನು ಅನ್ನ ನುಂಗಬೇಕು. ಬಂದವರಿಗೆಲ್ಲ ಅತ್ತೆ ಅದನ್ನು ದೂರದಿಂದ ತೋರಿಸಿ, "ನಮ್ಮ ಶೀನಿ ಊರೆಲ್ಲ ಹುಡುಕಿ ತಂದದ್ದು" ಎನ್ನುವರು. ಬಂದವರು ನನ್ನ ಕಡೆಗೆ ತಿರುಗಿ, ಈಗಿನ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂಬಂತೆ ನೋಡುವರು. ಬೈಸಿಕೊಂಡು ಅಭ್ಯಾಸವಿದ್ದವನಿಗೆ ಆ ನೋಟ ಬಲು ಹಿಂಸೆ. ರಜದ ದಿನ ಬಾಗಿಲು ಮುಂದೆ ಮಾಡಿಕೊಂಡು ಟ್ರಂಕಿನಿಂದ ರೀಲು ತೆಗೆದು, ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಿರ್ರೆಂದು ತಿರುಗಿಸಿ ಮತ್ತೆ ಒಳಗಿಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಕರೆದರು. "ಶೀನಿ, ಬೇಜಾರು ಮಾಡ್ಕೋಬೇಡ. ಕೋಲೇನೋ ಚೆನ್ನಾಗಿದೆ. ಆದ್ರೆ ತುದಿ ತೀರಾ ಬಳುಕತ್ತೆ ಕಣೋ. ಒದ್ದೆ ಸೀರೆ ಎತ್ತಿದ್ರೆ ಬಗ್ಗಿ ಮುಖಕ್ಕೇ ಬರತ್ತೆ. ನಡು ಬಳುಕಲಿ, ತುದಿ ಗಟ್ಟಿ ಇರಲಿ. ಅಂಥದೊಂದು ತಂದುಕೊಡು."

ನನ್ನ ಎದೆಯಲ್ಲಿ ಹೆಬ್ಬಾಳದ ಕೆರೆ ಮತ್ತೆ ತುಂಬಿತು. "ಹಾಗಾದ್ರೆ ಇದನ್ನ..."

"ಇದೂ ಇರಲಿ. ತುಂಡುಬಟ್ಟೆಗೆ ಬೇಕಾಗತ್ತೆ."

ಮತ್ತೆ ದಂಡು. ಮತ್ತೆ ಮೊದಲಿಯಾರರು. ನನ್ನನ್ನು ಕಂಡು ಕಣ್ಣು ಮುಚ್ಚುವುದರಲ್ಲಿದ್ದರು, ಆದರೆ ನಾನು ಯೋಚಿಸದೆ, "ನಡು ಬಳುಕಬೇಕು, ತುದಿ ಗಟ್ಟಿ ಇರಬೇಕು" ಎಂದ ಕೂಡಲೆ ಗೌರವದಿಂದ ಪೂರ್ತಿ ತೆರೆದರು.

"ಹಳೇದು ಸಾಲ್ದಾ ಸಾರ್?"

"ಮುಖಕ್ಕೇ ಬರುತ್ತೆ. ಭಾರ ತಡೆಯಲ್ಲ."

"ಹೆಬ್ಬಾಳದಲ್ಲಾ? ಎಷ್ಟು ಉದ್ದ ಇತ್ತು ಸಾರ್?"

"ಹದಿನೆಂಟು ಮೊಳ" ಎಂದೆ, ಇನ್ನೊಂದು ಕೋಲನ್ನು ನೋಡುತ್ತ, ಸೀರೆಯ ಗುಂಗಿನಲ್ಲೇ.

ಮೊದಲಿಯಾರರು ಮೇಜು ಹಿಡಿದುಕೊಂಡು ಎದ್ದು, ಒಳಗಿನಿಂದ, ಸಮುದ್ರದಲ್ಲಿ ಮೀನು ಹಿಡಿಯುವವರಿಗೆಂದು ಎತ್ತಿಟ್ಟಿದ್ದ ಕೋಲನ್ನು ಎರಡು ಕೈಯಲ್ಲಿ ತಂದು ನನಗೊಪ್ಪಿಸಿದರು. ಪಕ್ಕದಲ್ಲೇ ನನಗೆ ಹೇಳಿಮಾಡಿಸಿದಂಥ ಇನ್ನೊಂದು ಹಗುರವಾದ ಕೋಲೂ ಇತ್ತು. ಎತ್ತಿ ನೋಡಿದೆ. ಮನಸ್ಸು ಹರಿಯಿತು. ಆದರೆ ನಮ್ಮ ಮನೆಗೆ ಯಾವ ಕೋಲು ಹೋದರೂ ಮೊದಲು ಬಾವಿಕಟ್ಟೆಗೆ ಹೋಗುವುದು ಖಂಡಿತ. ಎರಡಿದ್ದರೆ, ಇನ್ನೊಂದು ಏಕಾದಶಿಗೆ ಇರಲಿ ಎನ್ನುತ್ತಾರೆ. ಗೋಡೆಗೆ ಒರಗಿಸಿ ಬಂದುಬಿಟ್ಟೆ.

ಮತ್ತೀಕೆರೆಯ ಕಡೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರು ಆ ಕೋಲನ್ನು ಬುಡದಿಂದ ತುದಿಯವರೆಗೆ ನೋಡಿ, "ಮೀನು ಹಿಡಿಯೋಕಾ ಸ್ವಾಮಿ?" ಎಂದು ಕೇಳಿದರು.

"ಅಲ್ಲ. ನಮ್ಮ ಸೋದರತ್ತೆಯವರ ಸೀರೆ ಹರವೋದಕ್ಕೆ" ಎಂದೆ.

ಇಷ್ಟು ದಿನದಲ್ಲಿ ಕೋಲಿನ ವಿಷಯವಾಗಿ ಖಾದರ್ ಸಾಹೇಬರನ್ನು ಬಿಟ್ಟರೆ ಹೊರಗಿನವರಿಗೆ ನಾನು ಒಂದಿಷ್ಟೂ ಮುಚ್ಚಿಡದೆ ಹೇಳಿದ ಮೊದಲ ಮಾತು ಅದು. ಆತ ಒಮ್ಮೆ ಕೋಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು. ಸತ್ಯ ಹೇಳಿದ್ದಕ್ಕೆ ನನಗೆ ಸಿಕ್ಕ ಲಾಭ ಅಷ್ಟೆ: ಕೋಲನ್ನು ಅಡ್ಡಲಾಗಿ ಮಲಗಿಸಲು ಇಡೀ ಸೀಟು.