ಆಯಿ ನೋಡಿ ಬರಹೇಳಿದ ಪಾತರಗಿತ್ತಿ

ಮಧುಚಂದ್ರಕ್ಕೆ ಎಲ್ಲಿಗೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ‘ದ್ವೀಪಕ್ಕೆ’ ಎನ್ನುತ್ತೇನೆ. ಕೇಳಿದವರ ಹುಬ್ಬು ಮೇಲೇರುತ್ತದೆ. ಅಂಡಮಾನೋ ಲಕ್ಷದ್ವೀಪವೋ ಎಂದು ಅವರು ಯೋಚಿಸುವಷ್ಟರಲ್ಲಿ ನಾನು ಮಾತು ಬದಲಿಸಿಬಿಡುತ್ತೇನೆ. ಇಲ್ಲದಿದ್ದರೆ ಅದು ಉಗಾರ ಬುದ್ರುಕದ ಹತ್ತಿರ ಕೃಷ್ಣಾ ನದಿಯೊಳಗಿನ ಒಂದು ನಡುಗಡ್ಡೆ ಎಂದೂ, ಅಲ್ಲಿ ನಮ್ಮಿಬ್ಬರ ಜೊತೆಗೆ ನನ್ನ ಹೆಂಡತಿಯ ಅಜ್ಜಿ, ಎರಡು ಎಮ್ಮೆ ಮತ್ತು ಒಂದು ಕಲ್ಲಂಗಡಿ ಹೊಲ ಇದ್ದವೆಂದೂ ಒಪ್ಪಿಕೊಳ್ಳಬೇಕಾಗುತ್ತದೆ. ಹೆಂಡತಿಯ ಅಜ್ಜಿಯ ಗುಡಿಸಲಿಗೆ ಮಧುಚಂದ್ರಕ್ಕೆ ಹೋದ ಇನ್ನೊಬ್ಬ ಗಂಡಸನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಇದು ಎಂಬತ್ತರ ದಶಕದ ಮಾತು. ನಾನು ಅಥಣಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಬೇಸಿಗೆ ರಜೆಯಲ್ಲಿ ಮದುವೆಯಾಯಿತು. ಮದುವೆಯಾಗಿ ಕೆಲವು ವಾರಗಳು ಕಳೆದರೂ ಮಂಗಲ ನನ್ನೊಡನೆ ‘ಹೂಂ’ ಮತ್ತು ‘ಉಹೂಂ’ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮೊದಮೊದಲು ನಾಚಿಕೆ ಇರಬೇಕೆಂದುಕೊಂಡೆ. ಆದರೆ ಹಿತ್ತಲಲ್ಲಿ ನನ್ನ ತಂಗಿಯ ಜೊತೆ ಅವಳು ಪಿಸುಪಿಸು ಹರಟೆ ಹೊಡೆಯುವುದು ಕೇಳುತ್ತಿತ್ತು. ನಾನು ಹೋದರೆ ಬಾಯಿಗೆ ಬೀಗ. ಕನ್ನಡಿಯ ಮುಂದೆ ನಿಂತು ಹಿಂದೆ ಸರಿಯುತ್ತಿದ್ದ ನನ್ನ ಕೂದಲನ್ನು ನೋಡಿಕೊಂಡೆ. ತನಗೆ ಬೇಡವಾದ ಗಂಡನಿಗೆ ಈ ಹುಡುಗಿಯನ್ನು ಕಟ್ಟಿದ್ದಾರೆ ಎಂಬ ಅನುಮಾನ ಎದೆಯೊಳಗೆ ಕುಳಿತುಬಿಟ್ಟಿತು. ಗೋವಾಕ್ಕೆ ಕರೆದೊಯ್ದರೆ ಸಮುದ್ರ ನೋಡಿಯಾದರೂ ಎರಡು ಮಾತಾಡಿಯಾಳು ಎಂದು ಮಾವನವರ ಮುಂದೆ ವಿಷಯ ತೆಗೆದೆ. ಅವರು ಕಬ್ಬು ಬೆಳೆಯುವವರು, ನೇರ ಮನುಷ್ಯ.

“ಗೋವಾದಾಗ ಏನೈತ್ರಿ ಅಳಿಯಂದ್ರ? ನೀರು. ನಮ್ಮಲ್ಲೂ ನೀರೈತಿ, ಅದೂ ಸಿಹಿ. ನಡುಗಡ್ಡ್ಯಾಗ ನಮ್ಮ ಗುಡಸಲ ಐತಿ, ಆಯಿ ಅದಾಳ ಅಡಿಗಿ ಮಾಡಿ ಹಾಕಾಕ. ಆರಾಮ ಇದ್ದ ಬರ್ರಿ,” ಎಂದರು.

ಆಯಿ ಎಂದರೆ ಮಂಗಲಳ ಅಜ್ಜಿ. ಪ್ರತಿ ಬೇಸಿಗೆಯಲ್ಲಿ ಕಲ್ಲಂಗಡಿ ಕಾಯಲು ಅಲ್ಲಿಯೇ ಇರುವವಳು. ನಾವು ದೋಣಿಯಿಂದ ನಡುಗಡ್ಡೆಗೆ ಇಳಿದ ಮರುದಿನ ಬೆಳಿಗ್ಗೆ ರೊಟ್ಟಿ ತಿನ್ನಿಸಿ ನನ್ನನ್ನು ಹತ್ತಿರ ಕರೆದಳು. “ಮಾಸ್ತರ, ನನ್ನ ಕಣ್ಣು ಮಂಜಾಗ್ಯಾವು. ಮೊದಲ ಈ ಗಡ್ಡಿ ತುಂಬ ಪಾತರಗಿತ್ತಿ ಹಾರ್ಯಾಡತಿದ್ದು. ಈಗ ಅದಾವೋ ಇಲ್ಲೋ ತಿಳೀವಲ್ದು. ನೀವಿಬ್ಬರೂ ಹೋಗಿ ನೋಡಿ ಬಂದು ಹೇಳ್ರಿ. ಜಲ್ದಿ ಬರಬ್ಯಾಡ್ರಿ ಮತ್ತ.”

ಮುದುಕಿಯ ಆಸೆ ನನ್ನ ಮನಸ್ಸಿಗೆ ತಟ್ಟಿತು. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಹುಡುಕುವಷ್ಟೇ ಶ್ರದ್ಧೆಯಿಂದ ಹುಡುಕಿದೆ. ಮುಂದೆ ನಾನು, ಹಿಂದೆ ಸೆರಗು ಹೊದ್ದ ಮಂಗಲ. ಮೇ ತಿಂಗಳ ಬಿಸಿಲಿಗೆ ಹೂವೆಲ್ಲ ಒಣಗಿದ್ದವು. ಕೊನೆಗೆ ದಂಡೆಯಲ್ಲಿ, ಎಮ್ಮೆ ಉಚ್ಚೆ ಹೊಯ್ದ ಹಸಿ ಕೆಸರಿನ ಮೇಲೆ, ಹಳದಿ ಪಾತರಗಿತ್ತಿಗಳ ಒಂದು ಹಿಂಡೇ ಕುಳಿತಿತ್ತು. ಅಷ್ಟು ಚೆಲುವಾದ ಜೀವಕ್ಕೆ ಇಂಥ ರುಚಿಯೇ ಎಂದು ನನಗೆ ಸ್ವಲ್ಪ ಬೇಸರವಾಯಿತಾದರೂ ವರದಿ ಒಪ್ಪಿಸಿದೆ.

“ಮತ್ತೇನ್ ಕಂಡ್ರಿ?” ಎಂದಳು ಆಯಿ.

“ಒಂದು ಕರೀದಿತ್ತು, ಬಿಳೀ ಚುಕ್ಕಿದು.”

“ಮತ್ತ?”

“ಅಷ್ಟೇ.”

ಆಯಿ ನನ್ನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿ, “ನಾಳೆ ಇನ್ನೂ ದೂರ ಹೋಗ್ರಿ,” ಎಂದಳು. ಮರುದಿನ ಇನ್ನೂ ದೂರ ಹೋಗಿ, ರೆಕ್ಕೆಯ ಅಂಚು, ಮೀಸೆ, ಕಾಲು ಎಲ್ಲವನ್ನೂ ವಿವರಿಸಿ ಒಂದು ಪಾಠವನ್ನೇ ಮಾಡಿದೆ. ಆಯಿ ‘ದೇವಾ ರೇ’ ಎಂದು ಎದ್ದು ಎಮ್ಮೆಯ ಕಡೆ ನಡೆದಳು. ಹೇಳಿದ್ದು ಸಾಲಲಿಲ್ಲ, ಹಿಡಿದೇ ತಂದು ತೋರಿಸಬೇಕು ಎಂದು ನಾನು ನಿಶ್ಚಯಿಸಿದೆ.

ಅದರ ಮರುದಿನ ಟಾವೆಲ್ ಹಿಡಿದು ಹೊರಟೆ. ಅಂಗೈಯಗಲದ ಕರಿಯ ಪಾತರಗಿತ್ತಿಯೊಂದು ಜಾಲಿಗಿಡದಿಂದ ಗಿಡಕ್ಕೆ ಹಾರುತ್ತ ನನ್ನನ್ನು ದಂಡೆಯವರೆಗೆ ಓಡಿಸಿತು. ಟಾವೆಲ್ ಬೀಸಿದೆ. ಅದು ಮೇಲೆ ಹೋಯಿತು, ನಾನು ಕೆಳಗೆ ಹೋದೆ. ಮೊಣಕಾಲು ಮುಳುಗುವ ರಾಡಿಯಲ್ಲಿ ಬಿದ್ದು ಏಳುತ್ತಿರುವಾಗ ಹಿಂದಿನಿಂದ ಗಟ್ಟಿಯಾದ ನಗು ಕೇಳಿತು.

“ಅಯ್ಯ, ಸಾವಕಾಶ ರೀ! ಆಯಿಗೆ ಫುಲಪಾಖರು ಏನೂ ಬೇಕಾಗಿಲ್ರಿ!” ಎಂದ ಮಂಗಲ, ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು.

ಒಂದು ಇಡೀ ವಾಕ್ಯ! ನಾನು ರಾಡಿಯಲ್ಲೇ ನಿಂತು, “ಮತ್ತ ಏನು ಬೇಕು?” ಎಂದೆ. ದಡ್ಡ ಹುಡುಗನನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. “ನಿನ್ನಿ ನಿಮ್ಮ ಅಂಗಿಗೆ ಗುಂಡಿ ಹಚ್ಚುಮುಂದ ಸೂಜ್ಯಾಗ ದಾರ ಪೋಣಿಸಿದಾಕಿ ಯಾರ್ರಿ? ಆಕಿನ! ಇಬ್ಬರೂ ಒಂದೀಟು ಮಾತಾಡ್ಲಿ ಅಂತ ನಮ್ಮನ್ನ ಕಳಸ್ತಾಳ. ನೀವು ನೋಡಿದ್ರ ಗಿಡದಾಗ ಮಾರಿ ಹಾಕ್ಕೊಂಡು ಹೊಂಟೀರಿ.”

“ಹಂಗಾದ್ರ ಈಗ ಬಾಯಿ ಯಾಕ ಮುಚ್ಚಿಕೊಂಡಿ?”

ಅವಳು ತಲೆ ತಗ್ಗಿಸಿದಳು. “ಪಾತರಗಿತ್ತಿಗೆ ಫುಲಪಾಖರು ಅಂದ್ನಲ್ರಿ. ನಾ ಮರಾಠಿ ಸಾಲ್ಯಾಗ ಕಲತಾಕಿ. ನಿನ್ನ ಗಂಡ ಕನ್ನಡ ಮಾಸ್ತರ, ಒಂದ ಶಬ್ದ ತಪ್ಪಿದ್ರೂ ತಿದ್ದತಾನ ಅಂತ ನಮ್ಮ ಕಾಕಾ ಹೇಳ್ಯಾರ. ಹೂಂ, ಉಹೂಂ ಅಂದ್ರ ತಪ್ಪಾಗಾಂಗಿಲ್ಲ ನೋಡ್ರಿ.”

ನನಗೆ ನಗು ಬರಲಿಲ್ಲ. ಇಷ್ಟು ದಿನ ಈ ಹುಡುಗಿ ನನ್ನ ಮನೆಯಲ್ಲಿ ಮಾತನ್ನೆಲ್ಲ ನುಂಗಿಕೊಂಡು ಓಡಾಡಿದ್ದಳು. “ನೀನು ನನ್ನನ್ನ ಒಲ್ಲಿ ಅಂತ ತಿಳಿದಿದ್ದೆ,” ಎಂದೆ.

“ಒಲ್ಲಂದ್ರ ಇಂಥಾ ಬಿಸಲಾಗ ನಿಮ್ಮ ಹಿಂದ ಅಡ್ಯಾಡತಿದ್ನೇನ್ರಿ?” ಎಂದು ಕೈ ಚಾಚಿ ನನ್ನನ್ನು ಮೇಲೆಳೆದಳು. ಕೈಗೆ ಕೆಸರಾದರೂ ಬಿಡಲಿಲ್ಲ.

ಜಾಲಿಗಿಡದ ಚೂರು ನೆರಳಿನಲ್ಲಿ ಕುಳಿತೆವು. ಅವಳು ಒಂದೊಂದೇ ಮರಾಠಿ ಶಬ್ದ ಹೇಳಿಕೊಟ್ಟಳು, ನಾನು ತಪ್ಪುತಪ್ಪಾಗಿ ಹೇಳಿದೆ, ಅವಳು ತಿದ್ದಿದಳು. ತಿದ್ದುವುದರಲ್ಲಿ ನನಗಿಂತ ಕಟ್ಟುನಿಟ್ಟು! ನೆರಳು ಯಾವಾಗ ಸರಿದು ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸಂಜೆ ಗುಡಿಸಲಿಗೆ ಬಂದಾಗ ಆಯಿ ಕೇಳಿದಳು, “ಇವತ್ತ ಏನೇನ್ ಕಂಡು ಮಾಸ್ತರ?”

“ಒಂದೂ ಕಾಣಲಿಲ್ರಿ ಆಯಿ.”

“ಚಲೋ ಆತು,” ಎಂದವಳೇ ಆಯಿ ಸಂತೆಗೆಂದು ತೆಗೆದಿಟ್ಟಿದ್ದ ಎಲ್ಲಕ್ಕಿಂತ ದೊಡ್ಡ ಕಲ್ಲಂಗಡಿಯನ್ನು ಎಳೆದು ಕೊಯ್ದಳು.

ಜೂನಿನಲ್ಲಿ ಸಾಲೆ ಸುರುವಾಯಿತು. ಮಾಸ್ತರರ ಕೋಣೆಯಲ್ಲಿ ಎಲ್ಲರೂ ರಜೆಯ ಸುದ್ದಿ ಹೇಳುತ್ತಿದ್ದರು. ನಾನೂ ಉತ್ಸಾಹದಿಂದ, “ನಾವು ದಿನಾ ಫುಲಪಾಖರು ನೋಡಾಕ ಹೋಗತಿದ್ವಿ,” ಎಂದೆ. ಗಣಿತದ ಮಾಸ್ತರರು ಕನ್ನಡಕದ ಮೇಲಿಂದ ನೋಡಿ, “ಅದಕ್ಕ ಕನ್ನಡದಾಗ ಚಿಟ್ಟೆ ಅಂತಾರ್ರಿ,” ಎಂದರು. ಎಲ್ಲರೂ ನಕ್ಕರು. ನಾನು ‘ಹೂಂ’ ಎಂದೆ. ಆಮೇಲೆ ಗಂಟೆ ಬಾರಿಸುವವರೆಗೂ ಬೇರೆ ಮಾತಾಡಲು ನನಗೆ ಧೈರ್ಯವಾಗಲಿಲ್ಲ.