ತಣ್ಣೀರು ವಂಶದ ತಂಬಿಗೆ

ಬೀಗದ ಮೇಷ್ಟ್ರ ಮುತ್ತಾತ ಚಳಿಗಾಲದ ಒಂದು ನಸುಕಿನಲ್ಲಿ, ಕೆರೆಯ ಕೆಸರಿಗೆ ಸಿಕ್ಕಿಬಿದ್ದ ಎಮ್ಮೆಯನ್ನು ಎದೆಮಟ್ಟದ ನೀರಿನಲ್ಲಿ ನಿಂತು ಎರಡು ತಾಸು ತಳ್ಳಿ ದಡ ಹತ್ತಿಸಿದವರು. ಆಮೇಲೆ ಎಮ್ಮೆಗೆ ನೆಗಡಿಯಾಯಿತು, ಮುತ್ತಾತನಿಗೆ ಆಗಲಿಲ್ಲ. ಅವರ ಮಗ, ಅಂದರೆ ಮೇಷ್ಟ್ರ ತಾತ, ಮದುವೆಯ ದಿನ ಹೆಣ್ಣಿನ ಕಡೆಯವರು ಕಾಯಿಸಿಟ್ಟ ಒಂದು ಹಂಡೆ ಬಿಸಿನೀರನ್ನು ಅವರದೇ ಹೂವಿನ ಗಿಡದ ಬುಡಕ್ಕೆ ಸುರಿದು, ಟವಲು ಹೆಗಲಿಗೆ ಹಾಕಿಕೊಂಡು ಬಾವಿಕಟ್ಟೆಗೆ ನಡೆದವರು. ಗಿಡ ಸತ್ತಿತು, ಮದುವೆ ಹೇಗೋ ಉಳಿಯಿತು. ಇನ್ನು ಮೇಷ್ಟ್ರ ತಂದೆಯಂತೂ ಮೈ ಕೆಂಡವಾಗಿದ್ದ ಜ್ವರದಲ್ಲೂ ತಲೆಯ ಮೇಲೆ ನಲವತ್ತು ತಂಬಿಗೆ ತಣ್ಣೀರು ಸುರಿದುಕೊಂಡರು. ಜ್ವರ ಹೆದರಿ ಪಕ್ಕದ ಮನೆಗೆ ಓಡಿತು. (ಪಕ್ಕದ ಮನೆಯವರು ಇದನ್ನು ಬಹಳ ಕಾಲ ಮರೆಯಲಿಲ್ಲ.)

ಈ ಮೂವರು ಮಹಾಪುರುಷರೂ ಸುರಿದುಕೊಂಡದ್ದು ಒಂದೇ ಹಿತ್ತಾಳೆ ತಂಬಿಗೆಯಿಂದ. ಅದಕ್ಕೆ ಮೈತುಂಬ ನೆಗ್ಗು. ಒಂದೊಂದು ನೆಗ್ಗಿಗೂ ಒಂದೊಂದು ಕಥೆ. ಈಗ ಅದು ಮೇಷ್ಟ್ರ ಬಚ್ಚಲುಮನೆಯ ಗೋಡೆಯಲ್ಲಿ, ಅದಕ್ಕೆಂದೇ ಹೊಡೆದ ಮೊಳೆಗೆ ತೂಗುಬಿದ್ದಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಬೀದಿಯ ಮೂಲೆಯ ಒಂದು ಮೊಳದ ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವವರು, ಕಳೆದುಹೋದ ಕೀಲಿಕೈಗೆ ಜೋಡಿ ಮಾಡಿಕೊಡುವವರು. ಯಾವ ಗುರುವಿನ ಹತ್ತಿರವೂ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಮನೆಯ ಬೀಗವನ್ನೇ ಬಿಚ್ಚಿ ಕಲಿತರು. (ಮತ್ತೆ ಜೋಡಿಸುವುದನ್ನು ಕಲಿಯುವ ತನಕ ಮೂರು ತಿಂಗಳು ಆ ಮನೆಗೆ ಬೀಗವಿರಲಿಲ್ಲ.) ಅರವತ್ತಾರು ದಾಟಿದರೂ ಬೆಳಗ್ಗೆ ಐದಕ್ಕೆ ಎದ್ದು ತಣ್ಣೀರು ಸುರಿದುಕೊಂಡು, ಹೆಂಡತಿ ನೀರು ಕಾಯಿಸುವುದನ್ನು ನೋಡಿ ನಗುವುದು ಅವರ ನಿತ್ಯಕರ್ಮ.

“ಮನುಷ್ಯರು ಸ್ನಾನ ಮಾಡ್ತಾರೆ, ಆಲೂಗಡ್ಡೆ ಬೇಯುತ್ತೆ. ನೀನು ಇವೆರಡರಲ್ಲಿ ಯಾವುದು ಹೇಳೇ?”

“ಬೆಂದ ಆಲೂಗಡ್ಡೇನೇ ತಾನೆ ನೀವು ತಿನ್ನೋದು? ಹಸೀದು ತಿಂದು ತೋರಿಸಿ, ಆಮೇಲೆ ಮಾತಾಡಿ,” ಎನ್ನುವಳು ಹೆಂಡತಿ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಮಾತು ಎಲ್ಲಿಂದಲೂ ಸಾಲ ತರಬೇಕಾಗಿರಲಿಲ್ಲ.

ಹೀಗಿರುವಾಗ ಆ ವರ್ಷ ಚಳಿ ಕಾಲಿಟ್ಟ ವಾರದಲ್ಲೇ ಮೇಷ್ಟ್ರ ಮೈಮೇಲೆ ದದ್ದು ಎದ್ದವು. ಮೊದಲ ದಿನ ತೋಳಿನಲ್ಲಿ ನಾಲ್ಕು. ಮರುದಿನ ಬೆನ್ನಿನ ಮೇಲೆ ಲೆಕ್ಕಕ್ಕೆ ಸಿಗದಷ್ಟು. ಕೆಂಪಗೆ, ಅಂಚು ಕಟ್ಟಿಕೊಂಡು, ಯಾರೋ ಊರಿನ ನಕಾಶೆ ಬರೆದಂತೆ. ತುರಿಕೆಯೋ, ದೇವರೇ ಬೇಡ! ಮೇಷ್ಟ್ರು ಅಂಗಡಿಯ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಂಡು ನಿಂತರೆ ದಾರಿಯಲ್ಲಿ ಹೋಗುವ ಎತ್ತು ಕೂಡ ನಿಂತು ನೋಡುತ್ತಿತ್ತು, ‘ಇವನೂ ನಮ್ಮವನೇ’ ಎಂಬಂತೆ.

“ಡಾಕ್ಟರ ಹತ್ರ ಹೋಗೋಣ ಬನ್ನಿ,” ಎಂದಳು ಹೆಂಡತಿ.

“ಡಾಕ್ಟರೇ? ನಮ್ಮ ವಂಶದಲ್ಲಿ ಡಾಕ್ಟರ ಮನೆ ಮೆಟ್ಟಿಲು ಹತ್ತಿದೋರು ಯಾರಾದ್ರೂ ಇದ್ರೆ ಅದು ಆ ಮೆಟ್ಟಿಲು ಕಟ್ಟೋಕೆ ಹೋದೋರು. ದೇಹ ಅಂದ್ರೇನು? ಒಂದು ಬೀಗ. ತೆಗೀದೆ ಹೋದ್ರೆ ಸುತ್ತಿಗೇಲಿ ಹೊಡೀಬಾರದು. ಒಂದೊಂದೇ ಕೀಲಿಕೈ ಹಾಕಿ ನೋಡ್ಬೇಕು. ಯಾವುದು ತಿರುಗುತ್ತೋ ಅದೇ ಕಾರಣ.”

ಅಲ್ಲಿಂದ ಅಡುಗೆಮನೆಗೆ ಶನಿಕಾಟ ಶುರುವಾಯಿತು. ಮೊದಲ ಕೀಲಿಕೈ ಬದನೆಕಾಯಿ. ಅದನ್ನು ಮನೆಯಿಂದ ಗಡೀಪಾರು ಮಾಡಿದರು, ದದ್ದು ಹೋಗಲಿಲ್ಲ. ನಾಲ್ಕು ದಿನದ ಮೇಲೆ ಕಡಲೆಕಾಯಿ ಹೋಯಿತು, ಅದರ ಹಿಂದೆ ಮೊಟ್ಟೆ, ಮೊಟ್ಟೆಯ ಹಿಂದೆ ಟೊಮೇಟೊ. ಹೆಂಡತಿ ಮೈಗೆ ಹಚ್ಚುವ ಸಾಬೂನಿನ ಬಿಲ್ಲೆ ಕಿಟಕಿಯಿಂದ ಹಾರಿತು. ಹಾಲು ನಿಂತಾಗ ಬೆಕ್ಕು ತಾನಾಗಿಯೇ ಪಕ್ಕದ ಬೀದಿಗೆ ಸಂಸಾರ ಬದಲಾಯಿಸಿತು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಅನ್ನ, ಉಪ್ಪು, ಮತ್ತು ಹೆಂಡತಿಯ ಮುಖ.

“ಇನ್ನು ಅನ್ನಾನೂ ಬಿಟ್ಬಿಟ್ರೆ ಒಲೆ ಹಚ್ಚೋ ಕೆಲಸಾನೂ ತಪ್ಪುತ್ತೆ,” ಎಂದಳು ಅವಳು.

“ತಾಳ್ಮೆ ಇರಲಿ ಕಣೇ. ಗೊಂಚಲಿನಲ್ಲಿ ಇನ್ನೂ ಕೀಲಿಕೈ ಇದೆ.”

ಗೊಂಚಲು ಮುಗಿಯುತ್ತ ಬಂದರೂ ಒಂದು ಸಮಾಧಾನವಿತ್ತು. ತುರಿಕೆ ತಡೆಯಲಾಗದಾಗ ಮೇಷ್ಟ್ರು ನೇರ ಬಚ್ಚಲುಮನೆಗೆ ಹೋಗಿ, ವಂಶದ ತಂಬಿಗೆ ಇಳಿಸಿ, ತೊಟ್ಟಿಯ ತಣ್ಣೀರನ್ನು ಉರಿಯುವ ಮೈಮೇಲೆ ಸುರಿದುಕೊಳ್ಳುವರು. ಆ ಗಳಿಗೆಗೆ ಹಾಯೆನಿಸುವುದು. ಕಾಲು ಗಂಟೆಗೆಲ್ಲ ಮೊದಲಿಗಿಂತ ಜೋರಾಗಿ ಏಳುವುದು. ಎದ್ದರೆ ಮತ್ತೆ ತಣ್ಣೀರು. ದಿನಕ್ಕೆ ಒಂದಿದ್ದ ಸ್ನಾನ ಎರಡಾಯಿತು, ಮೂರಾಯಿತು, ನಾಲ್ಕಾಯಿತು. “ನೋಡು, ರೋಗ ಎಷ್ಟು ಜೋರಾಗಿದೆ! ತಣ್ಣೀರು ಇರೋದಕ್ಕೆ ಜೀವ ಹಿಡ್ಕೊಂಡಿದೀನಿ,” ಎಂದು ಹಲ್ಲು ಕಟಕಟಿಸುತ್ತ ಹೇಳುವರು.

ಇನ್ನೊಂದು ಆಸರೆ, ಅಂಗಡಿಯ ಎದುರಿನ ಇಸ್ತ್ರಿಯವನು. ಅವನ ಕೆಂಡದ ಇಸ್ತ್ರಿಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಅರ್ಧ ತಾಸು ಹರಟಿದರೆ ದದ್ದು ತಾನಾಗಿಯೇ ಇಳಿಯುತ್ತಿದ್ದವು. “ನಿನ್ನ ಮಾತಿನಲ್ಲಿ ಔಷಧ ಇದೆ ಕಣಯ್ಯಾ,” ಎಂದು ಮೇಷ್ಟ್ರು ಹೊಗಳುವರು. ಹುಟ್ಟಿದಾಗಿನಿಂದ ಯಾರಿಂದಲೂ ಆ ಮಾತು ಕೇಳಿರದ ಇಸ್ತ್ರಿಯವನು ಉಬ್ಬಿಹೋಗಿ, ಒಂದು ಅಂಗಿಯ ಕಾಲರು ಸುಟ್ಟ.

ಆದರೆ ಸಂಗತಿ ನಗೆಯಲ್ಲೇ ಮುಗಿಯಲಿಲ್ಲ. ದದ್ದು ಬೆರಳಿಗೆ ಇಳಿಯಿತು. ಮೇಷ್ಟ್ರ ವಿದ್ಯೆಯೆಲ್ಲ ಇದ್ದದ್ದು ಬೆರಳ ತುದಿಯಲ್ಲಿ. ಕೀಲಿಕೈಯ ಹಲ್ಲನ್ನು ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಸವರಿದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ತಿಳಿಯುತ್ತಿತ್ತು. ಈಗ ಊದಿದ ಬೆರಳಿಗೆ ಕಬ್ಬಿಣವೂ ಒಂದೇ, ಬೆಣ್ಣೆಯೂ ಒಂದೇ. ಮನೆಯ ಬಾಗಿಲು ತೆಗೆಯಲಾಗದೆ ಓಡಿಬಂದ ನರ್ಸಮ್ಮನಿಗೆ ಮಾಡಿಕೊಟ್ಟ ಕೀಲಿಕೈ ಬೀಗದೊಳಗೆ ಹೋಯಿತು, ತಿರುಗಲಿಲ್ಲ, ಹೊರಗೂ ಬರಲಿಲ್ಲ. ಆಕೆ ಏನೂ ಬೈಯಲಿಲ್ಲ. “ಇರಲಿ ಬಿಡಿ ಮೇಷ್ಟ್ರೇ, ವಯಸ್ಸಾಯ್ತು,” ಎಂದು ಹೇಳಿ ಹೋದಳು. ಬೈದಿದ್ದರೆ ಮೇಷ್ಟ್ರು ಆ ದಿನ ಊಟ ಮಾಡುತ್ತಿದ್ದರು.

ಆ ವಾರವೇ ಮಗಳು ಫೋನು ಮಾಡಿ, “ಅಪ್ಪಾ, ಸ್ವಲ್ಪ ದಿನ ಇಲ್ಲಿ ಬಂದಿರಿ, ಗಾಳಿ ಬದಲಾದ್ರೆ ಸರಿಹೋಗುತ್ತೆ,” ಎಂದಳು. ಮೇಷ್ಟ್ರು ಹೊರಟರು. ಅವಸರದಲ್ಲಿ ತಂಬಿಗೆ ಮರೆತರು. ಮಗಳ ಮನೆಯ ನಲ್ಲಿಯಲ್ಲಿ ಬರುತ್ತಿದ್ದದ್ದು ಮಾಳಿಗೆಯ ಮೇಲಿನ ಕಪ್ಪು ತೊಟ್ಟಿಯಲ್ಲಿ ಬಿಸಿಲಿಗೆ ಕಾದ ನೀರು. “ಈ ಊರಿನ ತಣ್ಣೀರಿಗೆ ಪೌರುಷವೇ ಇಲ್ಲ,” ಎಂದು ಗೊಣಗಿ, ದಿನಕ್ಕೆ ಒಂದೇ ಒಂದು ಸಲ, ಹಗಲು ಹೊತ್ತಿನಲ್ಲಿ ಮಿಂದು, ಮಗಳು ಬಡಿಸಿದ ಬದನೆಕಾಯಿ, ಮೊಟ್ಟೆ, ಕಡಲೆಕಾಯಿ ಎಲ್ಲವನ್ನೂ ಗಡದ್ದಾಗಿ ಹೊಡೆದು ಐದು ದಿನ ಕಳೆದರು. ಒಂದು ದದ್ದೂ ಏಳಲಿಲ್ಲ!

ಮನೆಗೆ ಬಂದವರೇ, ಚಪ್ಪಲಿ ಬಿಡುವ ಮೊದಲೇ ತೋಳು ಮೇಲೆತ್ತಿ ತೋರಿಸಿದರು. “ನೋಡು! ಮಗುವಿನ ಕೆನ್ನೆ ಇದ್ದ ಹಾಗಿದೆ. ಅಲ್ಲಿ ಎಲ್ಲಾ ತಿಂದೆ, ಏನೂ ಆಗ್ಲಿಲ್ಲ. ಅಂದ್ಮೇಲೆ ದೋಷ ಬದನೆಕಾಯೀದಲ್ಲ. ದೋಷ ಅದನ್ನ ಬೇಯಿಸೋ ಕೈಯದ್ದು.”

ಒಲೆಯ ಮುಂದಿದ್ದ ಹೆಂಡತಿ ನಿಧಾನಕ್ಕೆ ತಿರುಗಿದಳು. ಸೌಟಿನಿಂದ ಹನಿ ತೊಟ್ಟಿಕ್ಕುತ್ತಿತ್ತು.

“ಇನ್ನೊಂದು ಸಲ ಹೇಳಿ.”

ಜಾಣ ಗಂಡನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದ. ಮೇಷ್ಟ್ರು ಇನ್ನೊಂದು ಸಲ ಹೇಳಿದರು.

“ಮೂವತ್ತೆಂಟು ವರ್ಷ ಈ ಕೈ ಹಾಕಿದ್ದನ್ನೇ ತಿಂದು ಈ ಹೊಟ್ಟೆ ಬೆಳೆಸಿದೀರಿ. ಆಗ ಕೈ ಚೆನ್ನಾಗಿತ್ತು, ಅಲ್ವೇನ್ರೀ?” ಅವಳ ದನಿ ಏರಲಿಲ್ಲ; ಅದೇ ಭಯ. “ಸರಿ. ಪಂಥ ಕಟ್ಟೋಣ. ನಾಳೆ ಚರ್ಮದ ಡಾಕ್ಟ್ರಮ್ಮನ ಹತ್ರ ಹೋಗೋಣ. ತಪ್ಪು ನನ್ನ ಅಡುಗೇದು ಅಂತ ಆಕೆ ಅಂದ್ರೆ, ಈ ಸೌಟು ಇಲ್ಲೇ ಕೆಳಗಿಡ್ತೀನಿ, ಜನ್ಮದಲ್ಲಿ ಮತ್ತೆ ಎತ್ತೋದಿಲ್ಲ. ತಪ್ಪು ನಿಮ್ಮ ಕಡೇದಾದ್ರೆ ಆ ತಂಬಿಗೆ ನನ್ನದು.”

“ತಂಬಿಗೇನಾ! ನಿನಗ್ಯಾಕೆ ಅದು?”

“ಬೇಳೆ ನೆನೆಹಾಕೋಕೆ.”

ಎಮ್ಮೆ ತಳ್ಳಿದ ಮುತ್ತಾತ, ಗಿಡ ಕೊಂದ ತಾತ, ಜ್ವರ ಓಡಿಸಿದ ತಂದೆ, ಮೂವರೂ ಸಾಲಾಗಿ ಒಂದು ಸೇರು ಬೇಳೆಯಲ್ಲಿ ನೆನೆಯುತ್ತಿರುವುದು ಮೇಷ್ಟ್ರ ಕಣ್ಣಮುಂದೆ ಬಂತು. ಆದರೆ ಆಡಿದ ಮಾತು ಆಡಿಯಾಗಿತ್ತು. “ಆಗಲಿ. ಆದ್ರೆ ನಾನು ಬರೋದು ತೀರ್ಪಿಗೆ, ಔಷಧಕ್ಕಲ್ಲ,” ಎಂದು ಹೇಳಿ, ಪ್ರಯಾಣದ ದಣಿವಿಗೆ ಹತ್ತು ತಂಬಿಗೆ ತಣ್ಣೀರು ಸುರಿದುಕೊಂಡರು. ಕಾಲು ಗಂಟೆಯಲ್ಲಿ ಮೈತುಂಬ ನಕಾಶೆ. “ನೋಡಿದ್ಯಾ? ನಿನ್ನ ಮನೆ ಗಾಳಿ ಸೋಕಿದ್ದೇ ತಡ!”

ಡಾಕ್ಟ್ರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಮೇಷ್ಟ್ರು ಬೀಗ, ಕೀಲಿಕೈ, ಬದನೆಕಾಯಿ, ಮಗಳ ಮನೆ, ಹೆಂಡತಿ ಎಂದು ತಮ್ಮ ಸಂಶೋಧನೆಯನ್ನು ಇಪ್ಪತ್ತು ನಿಮಿಷ ವಿವರಿಸಿದರು. ಅವಳು ತಾಳ್ಮೆಯಿಂದ ಕೇಳಿದಳು.

“ತುರಿಕೆ ಬಂದಾಗ ಏನು ಮಾಡ್ತೀರಿ?”

“ತಣ್ಣೀರು ಸ್ನಾನ,” ಎಂದರು ಮೇಷ್ಟ್ರು ಎದೆಯುಬ್ಬಿಸಿ. “ದಿನಕ್ಕೆ ನಾಲ್ಕು.”

“ಮಗಳ ಮನೇಲಿ?”

“ಅಲ್ಲೆಲ್ಲಿ ತಣ್ಣೀರು? ಉಗುರು ಬೆಚ್ಚಗಿನ ಗಂಜಿ ಇದ್ದ ಹಾಗೆ ಬರುತ್ತೆ.”

“ಇಳಿಯೋದು ಯಾವಾಗ?”

“ಇಸ್ತ್ರಿಯವನ ಹತ್ರ ಕೂತಾಗ. ಅವನ ಮಾತು ಹಾಗಿರುತ್ತೆ.”

ಡಾಕ್ಟ್ರಮ್ಮ ಹೆಂಡತಿಯ ಮುಖ ನೋಡಿದಳು. ಹೆಂಡತಿ ಡಾಕ್ಟ್ರಮ್ಮನ ಮುಖ ನೋಡಿದಳು. ಹೆಂಗಸರಿಬ್ಬರು ಮಾತಿಲ್ಲದೆ ಮಾತಾಡಿಕೊಳ್ಳುವಾಗ ನಡುವೆ ಕೂತ ಗಂಡಸಿಗೆ ಚಳಿ ಹತ್ತುವುದು ಲೋಕರೂಢಿ. ಡಾಕ್ಟ್ರಮ್ಮ ಎದ್ದು, ಫ್ರಿಜ್ಜಿನಿಂದ ಒಂದು ತುಂಡು ಮಂಜುಗಡ್ಡೆ ತೆಗೆದು, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಷ್ಟ್ರ ಮುಂಗೈ ಮೇಲಿಟ್ಟಳು.

“ಇಷ್ಟೇನಾ?” ಮೇಷ್ಟ್ರು ನಕ್ಕರು. “ನಮ್ಮ ವಂಶದವರಿಗೆ ಇದು ಹೂವು ಇಟ್ಟ ಹಾಗೆ.”

ಐದು ನಿಮಿಷ ಕಳೆದು ಮಂಜುಗಡ್ಡೆ ತೆಗೆದಳು. ಏನೂ ಇರಲಿಲ್ಲ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ಮೀಸೆ ಸವರಿಕೊಂಡರು. ಕೈ ಮೆಲ್ಲಗೆ ಬೆಚ್ಚಗಾಗತೊಡಗಿತು. ಆಗ ಎದ್ದಿತು ನೋಡಿ, ಮುಂಗೈ ನಟ್ಟನಡುವೆ, ಅಳತೆ ಹಿಡಿದು ಕತ್ತರಿಸಿದಂಥ ಚೌಕಾಕಾರದ ದದ್ದು! ಮಂಜುಗಡ್ಡೆಯ ನಾಲ್ಕು ಮೂಲೆಯೂ ಹಾಗೆಯೇ ಮೂಡಿತ್ತು. ಮೇಷ್ಟ್ರು ಜೀವಮಾನದಲ್ಲಿ ಮಾಡಿದ ಯಾವ ಜೋಡಿ ಕೀಲಿಕೈಯೂ ಅಷ್ಟು ಕರಾರುವಾಕ್ಕಾಗಿ ಬಂದಿರಲಿಲ್ಲ.

“ನಿಮಗೆ ಆಗದೇ ಇರೋದು ತಣ್ಣೀರು, ತಾತ,” ಎಂದಳು ಡಾಕ್ಟ್ರಮ್ಮ. “ಮೈ ತಣ್ಣಗಾದ್ರೆ ದದ್ದು ಏಳುತ್ತೆ. ಯಾವ ವಯಸ್ಸಿನಲ್ಲಾದ್ರೂ ಶುರುವಾಗಬಹುದು. ಮಾತ್ರೆ ಕೊಡ್ತೀನಿ. ಊಟ ಎಲ್ಲಾ ಮಾಡಿ. ಆದ್ರೆ ತಣ್ಣೀರು ಸ್ನಾನ, ಕೆರೆ ಈಜು ಎಲ್ಲಾ ಬಂದ್. ಒಮ್ಮೆಲೇ ಸುರ್ಕೊಂಡ್ರೆ ತಲೆ ತಿರುಗಿ ಬೀಳ್ತೀರಿ. ಇದು ತಮಾಷೆ ಅಲ್ಲ. ಉಗುರು ಬೆಚ್ಚಗಿನ ನೀರು ಸಾಕು.”

ದಾರಿಯಲ್ಲಿ ಹೆಂಡತಿ ಹಂಗಿಸಿದ್ದರೆ ಮೇಷ್ಟ್ರು ಉತ್ತರ ಕೊಡುತ್ತಿದ್ದರು. ಅದಕ್ಕೂ ಅವಕಾಶ ಕೊಡಲಿಲ್ಲ. ಮನೆಗೆ ಬಂದವಳೇ ಬಚ್ಚಲುಮನೆಗೆ ಹೋಗಿ, ಮೊಳೆಯಿಂದ ತಂಬಿಗೆ ಇಳಿಸಿ, ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಎರಡು ಹಿಡಿ ಬೇಳೆ ನೆನೆಹಾಕಿದಳು. ಖಾಲಿ ಮೊಳೆಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮಗ್ಗು ಬಂತು. ಸಂಜೆಯ ತಟ್ಟೆಯಲ್ಲಿ ಬದನೆಕಾಯಿ, ಟೊಮೇಟೊ, ಮೊಟ್ಟೆ ಮೂರೂ ಇದ್ದವು. ಮೇಷ್ಟ್ರು ತಲೆ ಎತ್ತದೆ ಮೂರು ಸಲ ಬಡಿಸಿಕೊಂಡರು.

“ಕೈ ಹೇಗಿದೆ?” ಎಂದಳು ಹೆಂಡತಿ.

“ಯಾರ ಕೈ?”

“ಅಡುಗೆ ಮಾಡಿದ ಕೈ.”

“ಪರವಾಗಿಲ್ಲ,” ಎಂದರು ಮೇಷ್ಟ್ರು. ಅವರ ಬಾಯಲ್ಲಿ ಅದು ಸನ್ಮಾನ ಪತ್ರ.

ನಾಲ್ಕು ದಿನ ಮಾತ್ರೆ ನುಂಗಿ, ಬಿಸಿನೀರಲ್ಲಿ ಹಿಂಡಿದ ಟವಲಿನಲ್ಲಿ ಮೈ ಒರೆಸಿಕೊಂಡು ಕಾಲ ತಳ್ಳಿದರು. ಬೆರಳ ಊತ ಇಳಿಯಿತು. ಹೇಳದೆ ಕೇಳದೆ, ಅಷ್ಟು ದಿನ ಹಿತ್ತಿಲ ಬಾಗಿಲಿನಲ್ಲೇ ಓಡಾಡುತ್ತಿದ್ದ ನರ್ಸಮ್ಮನ ಮನೆಗೆ ಹೋಗಿ, ಸಿಕ್ಕಿಕೊಂಡಿದ್ದ ಕೀಲಿಕೈ ಬಿಡಿಸಿ, ಹೊಸದೊಂದು ಮಾಡಿಕೊಟ್ಟರು. ಅದು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗಿತು. ಅಲ್ಲಿಗೆ ಮೇಷ್ಟ್ರ ಬೆನ್ನು ಮತ್ತೆ ನೆಟ್ಟಗಾಯಿತು. ಬೆನ್ನು ನೆಟ್ಟಗಾದರೆ ವಂಶ ನೆನಪಾಗುವುದು ಅವರ ಹಣೆಬರಹ.

ಐದನೆಯ ದಿನ ಬೆಳಗ್ಗೆ ಹೆಂಡತಿ ಏಳುವ ಮೊದಲೇ ಎದ್ದು, ತಾವೇ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು, ನೀರು ಕುದಿಯಲು ಬಿಟ್ಟರು. ಉಗುರು ಬೆಚ್ಚಗೆ ಎನ್ನುವುದು ಅವರ ದೃಷ್ಟಿಯಲ್ಲಿ ಹಸುಗೂಸುಗಳ ಸ್ನಾನ. ಬಟ್ಟೆಯಲ್ಲಿ ಹಿಡಿದು ಪಾತ್ರೆಯನ್ನು ಬಚ್ಚಲುಮನೆಗೆ ಸಾಗಿಸಿ ಚಿಲಕ ಹಾಕಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ “ಹಾ! ಅಯ್ಯಪ್ಪಾ! ಸ್ಸ್ಸ್!” ಎಂಬ ಸದ್ದು. ಒಂದು ಮಗ್ಗು, ಒಂದು ಕುಣಿತ; ಮತ್ತೊಂದು ಮಗ್ಗು, ಮತ್ತೊಂದು ಕುಣಿತ. ಬಾಗಿಲ ಸಂದಿಯಿಂದ ಉಗಿ ಹೊರಡುತ್ತಿತ್ತು. ಬೀದಿಯಲ್ಲಿ ಬಟ್ಟೆಗಂಟು ಹೊತ್ತು ಬರುತ್ತಿದ್ದ ಇಸ್ತ್ರಿಯವನು ಕಿಂಡಿಯಿಂದ ಹೊಮ್ಮುವ ಮೋಡ ನೋಡಿ, “ಮೇಷ್ಟ್ರೇ, ಒಳಗೆ ಬಟ್ಟೆಗೆ ಇಸ್ತ್ರಿ ಹಾಕ್ತಿದ್ದೀರಾ?” ಎಂದು ಕೂಗಿದ.

ಹೆಂಡತಿ ಎದ್ದು ಬಂದಳು. ಬಾಗಿಲಿಗೆ ಕಿವಿಯಿಟ್ಟು ಕೇಳಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ಅಡುಗೆಮನೆಯಿಂದ ಒಂದು ಬಕೆಟ್ಟು ನೀರು ತುಂಬಿ ತಂದು ಮೆಲ್ಲಗೆ ಬಾಗಿಲು ತಟ್ಟಿದಳು.

“ರೀ, ಬೆಂದುಹೋಗ್ತೀರಿ. ಸ್ವಲ್ಪ ತಣ್ಣೀರು ತಂದಿದೀನಿ. ಹದಕ್ಕೆ ಬೆರೆಸಿಕೊಡಲಾ?”

ಒಳಗೆ ಮತ್ತೊಂದು ಮಗ್ಗು ನೀರು ಬಿದ್ದ ಸದ್ದು, ಹಿಂದೆಯೇ ಒಂದು ಕುಣಿತ. ಆಮೇಲೆ ಉಗಿಯ ನಡುವಿನಿಂದ ಮೇಷ್ಟ್ರ ದನಿ ಬಂತು:

“ಬೇಡ! ಯಾರ ಸಹಾಯವೂ ಬೇಡ ನನಗೆ. ನಾಲ್ಕು ತಲೆಮಾರಿನಿಂದ ನಮ್ಮ ವಂಶದಲ್ಲಿ ನೀರಿಗೆ ನೀರು ಬೆರೆಸಿ ಮಿಂದೋರು ಒಬ್ಬರಿಲ್ಲ. ನೀನು ಹೋಗಿ ನಿನ್ನ ಬೇಳೆ ನೋಡ್ಕೋ!”