ಮೇಲಿನ ಸಾಲಿನ ನಂಬರು

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರೂ ಕೆಟ್ಟ ಸುದ್ದಿಯ ಹಾಗೆ ಹೇಳುವುದಿಲ್ಲ. "ಏನಿಲ್ರಿ ಸರ" ಎಂದು ಶುರು ಮಾಡುತ್ತಾರೆ. ಒಮ್ಮೆ ನನ್ನ ಬೈಕು ಒಯ್ದಿದ್ದ ಸಹೋದ್ಯೋಗಿಯೊಬ್ಬರು ಫೋನು ಮಾಡಿ, "ಏನಿಲ್ರಿ ಸರ, ನಾಷ್ಟಾ ಆತೇನ್ರಿ?" ಎಂದು ಕೇಳಿ, ಬಿಸಿಲಿನ ಬಗ್ಗೆ ಮಾತಾಡಿ, ಮನೆಯವರೆಲ್ಲರ ಆರೋಗ್ಯ ವಿಚಾರಿಸಿ, ಕೊನೆಗೆ ಏನೋ ನೆನಪಾದವರಂತೆ "ನಿಮ್ಮ ಗಾಡಿ ಕೆನಾಲ್‌ನಾಗ ಬಿದ್ದೈತ್ರಿ" ಎಂದಿದ್ದರು. ಅಂದಿನಿಂದ ಆ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದದ್ದನ್ನು ಮೊದಲು ಕೆಳಗಿಡುತ್ತೇನೆ. ನಾನು ಹುಟ್ಟಾ ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು, ಬಂದ್ ಆಗಿದ್ದನ್ನು ನೋಡಿ, ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ, ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಮತ್ತೆ ಬಂದವನು ನಾನು. ನನ್ನ ಹೆಂಡತಿ ಶಾಂತಾ, "ನಿಮಗ ಚಿಂತಿ ಇಲ್ಲದ ದಿನ ನನಗ ಚಿಂತಿ ಆಗ್ತೈತ್ರಿ" ಎನ್ನುತ್ತಾಳೆ.

ಇಂಥ ಮನುಷ್ಯನಿಗೆ ಸಿಕ್ಕ ಕೆಲಸ ನೋಡಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಶಾಲೆ ಕಾಲೇಜು ನಡೆಸುವ ಒಂದು ಶಿಕ್ಷಣ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಪಾಠ ಹೇಳುವುದಷ್ಟೇ ಅಲ್ಲ, ಮೂರೂ ಊರಿನ ಕಂಪ್ಯೂಟರುಗಳ ಯೋಗಕ್ಷೇಮವೂ ನನ್ನದೇ. ಅವುಗಳಲ್ಲಿ ನನ್ನ ನಿದ್ದೆ ತಿಂದದ್ದು ಡೊಮೈನ್ ನೇಮ್ ಸರ್ವರ್ ಎಂಬ ಪುಣ್ಯಾತ್ಮ. ಹೆಸರು ಕೇಳಿ ಹೆದರಬೇಡಿ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಉದ್ದುದ್ದ ನಂಬರಿನಿಂದ. ನಮಗೆ ನೆನಪಿರುವುದು ಹೆಸರು. ಹೆಸರು ಹೇಳಿದರೆ ನಂಬರು ಹುಡುಕಿ ಕೊಡುವುದೇ ಈ ಸರ್ವರಿನ ಉದ್ಯೋಗ. ಓಣಿಯ ಮೂಲೆಯ ಪಾನ್ ಅಂಗಡಿಯವನು ಮಾಡುವುದೂ ಇದನ್ನೇ. ಸಿಂಧನೂರಿನಲ್ಲಿ ಮನೆ ನಂಬರು ಕೇಳಿದರೆ ಮನೆಯ ಮಾಲೀಕರಿಗೇ ಗೊತ್ತಿರುವುದಿಲ್ಲ. ಪಾನ್ ಅಂಗಡಿಯವನಿಗೆ ಹೆಸರು ಹೇಳಿದರೆ ಬಾಗಿಲ ತನಕ ಬಿಟ್ಟು ಬರುತ್ತಾನೆ.

ಅಪಾಯ ಇರುವುದೂ ಅಲ್ಲೇ. ನಾವು ರೈಸ್ ಮಿಲ್ಲಿನ ಹಿಂದಿನ ಮನೆ ಬಿಟ್ಟು ಬೇರೆ ಕಡೆ ಹೋದಾಗ ಪಾನ್ ಅಂಗಡಿಯವನಿಗೆ ಹೇಳುವುದು ಮರೆತಿದ್ದೆ. ಸಂತೆಕಲ್ಲೂರಿನಿಂದ ಬಂದ ನನ್ನ ಮಾವನವರನ್ನು ಅವನು ಮರ್ಯಾದೆಯಿಂದ ಹಳೆಯ ಮನೆಗೇ ಕರೆದೊಯ್ದ. ಮಾವನವರು ಒಳಗೆ ಹೋಗಿ, ಕೈಕಾಲು ತೊಳೆದು, ಹೊಸ ಬಾಡಿಗೆದಾರರ ಹೆಂಡತಿ ಕೊಟ್ಟ ಚಹಾ ಕುಡಿದು, "ಮಂಚ ಯಾಕ ಈ ಕಡೆ ಹಾಕೀರಿ, ತಲಿ ಉತ್ತರಕ್ಕ ಬರ್ತೈತಿ" ಎಂದು ಬೈದು, ಅದನ್ನು ಸರಿಸಿ ಹಾಕಿಸಿ ಮಲಗಿದ್ದರಂತೆ. ಎಚ್ಚರವಾದ ಮೇಲೆ ಮಗಳು ಎಲ್ಲಿ ಎಂದು ಕೇಳಿದರಂತೆ. ಆ ಮನೆಯವರು ಒಳ್ಳೆಯವರು. ಮಂಚ ಇಂದಿಗೂ ಮಾವನವರು ಹೇಳಿದ ಕಡೆಯೇ ಇದೆ.

ನನ್ನ ಸರ್ವರಿನ ವ್ಯವಸ್ಥೆಯೂ ಸರಳ. ಎಲ್ಲಾ ಹೆಸರು ನಂಬರುಗಳ ಮೂಲ ಪಟ್ಟಿ ಸಿಂಧನೂರಿನ ಯಂತ್ರದಲ್ಲಿ. ಅದರ ನಕಲು ಲಿಂಗಸುಗೂರಿನ ಯಂತ್ರದಲ್ಲಿ. ಉಳಿದ ಎರಡು ಊರಿನ ಕಂಪ್ಯೂಟರುಗಳು ಸಿಂಧನೂರನ್ನೇ ಕೇಳುತ್ತವೆ, ಮಸ್ಕಿಯವು ಮಾತ್ರ ಏನೇ ಕೇಳಬೇಕಾದರೂ ಲಿಂಗಸುಗೂರನ್ನು ಕೇಳುತ್ತವೆ. ಒಬ್ಬನ ಮೇಲೇ ಎಲ್ಲ ಭಾರ ಬೀಳಬಾರದೆಂದು ನಾನೇ ಹಾಗೆ ಏರ್ಪಾಟು ಮಾಡಿದ್ದೆ, ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಸಂಸ್ಥೆಯ ಪ್ರವೇಶ ಪರೀಕ್ಷೆ. ಅದರಲ್ಲಿ ಪಾಸಾದ ಹತ್ತನೆಯ ತರಗತಿಯ ಮಕ್ಕಳಿಗೆ ಸಿಂಧನೂರಿನ ಕಾಲೇಜಿನಲ್ಲಿ ಓದು, ಹಾಸ್ಟೆಲ್ಲು ಎಲ್ಲಾ ಪುಕ್ಕಟೆ. ಮೂರೂ ಊರಿನಲ್ಲಿ ಏಕಕಾಲಕ್ಕೆ, ಕಂಪ್ಯೂಟರಿನಲ್ಲಿ. ಯಾವ ಊರಿನಲ್ಲಿ ಪುಟ ತೆರೆಯುವುದಿಲ್ಲವೋ ಆ ಊರಿನ ಮಕ್ಕಳಿಗೆ ಆ ವರ್ಷ ಸೀಟಿಲ್ಲ. ಮೂರೂ ಊರಿಗೆ ಪರೀಕ್ಷೆಯ ಪುಟ ಕಳಿಸುವ ಸಿಂಧನೂರಿನ ಯಂತ್ರ ಇದ್ದ ಕೋಣೆ ಸೋರುತ್ತದೆಂದು ಗುರುವಾರ ಅದನ್ನು ಬೇರೆ ಕೋಣೆಗೆ ಸಾಗಿಸಿದೆವು. ಕೋಣೆ ಬದಲಾದದ್ದರಿಂದ ಅದರ ನಂಬರೂ ಬದಲಾಯಿತು. ನಾನು ಸಿಂಧನೂರಿನ ಪಟ್ಟಿಯಲ್ಲಿ ಹೊಸ ನಂಬರು ಬರೆಯುತ್ತಿದ್ದಾಗ ಸಂಸ್ಥೆಯ ಕಾರ್ಯದರ್ಶಿ ಗೌಡರು ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದರು. "ಆತೇನ್ರಿ?" ಎಂದರು. "ಆಗಾಕತ್ತೈತ್ರಿ" ಎಂದೆ. ಅರ್ಧ ನಿಮಿಷ ಬಿಟ್ಟು, "ಆತೇನ್ರಿ?" ಎಂದರು. ಹೀಗೆ ಐದು ಸಲ ಕೇಳಿದರೆ ಆಗದ್ದೂ ಆಗಿಬಿಡುತ್ತದೆ. "ಆತ್ರಿ" ಎಂದು ಎದ್ದೆ. ಸಿಂಧನೂರಿನಲ್ಲಿ ತೆರೆದು ನೋಡಿದೆವು, ಪರೀಕ್ಷೆಯ ಪುಟ ಬಂತು. ಗೌಡರು ನನ್ನ ಬೆನ್ನು ತಟ್ಟಿದರು.

ಶುಕ್ರವಾರ ಬೆಳಿಗ್ಗೆ ನಾನು ರೊಟ್ಟಿ ಮುರಿಯುತ್ತಿದ್ದೆ. ಮಸ್ಕಿಯ ಲ್ಯಾಬು ನೋಡಿಕೊಳ್ಳುವ ಖಾಜಾ ಹುಸೇನ್ ಮೇಷ್ಟ್ರು ಫೋನು ಮಾಡಿದರು.

"ಏನಿಲ್ರಿ ಸರ."

ನಾನು ರೊಟ್ಟಿ ಕೆಳಗಿಟ್ಟೆ.

"ಪರೀಕ್ಷಾ ಪೇಜ್ ತೆರಿವಲ್ದ್ರಿ. ಒಂದ್ರಾಗೂ ತೆರಿವಲ್ದು."

ಮುಂದಿನ ಒಂದು ತಾಸು ನಾನು ಖಾಜಾ ಮೇಷ್ಟ್ರಿಂದ ಮಾಡಿಸದ ಕಸರತ್ತಿಲ್ಲ. ವೈರು ಕಿತ್ತು ಹಾಕಿಸಿದೆ. ಕಂಪ್ಯೂಟರು ಬಂದ್ ಮಾಡಿ ಚಾಲೂ ಮಾಡಿಸಿದೆ. ಹತ್ತು ಎಣಿಸಿ ಚಾಲೂ ಮಾಡಿರಿ ಎಂದೆ, ಏಕೆ ಹತ್ತು ಎಂದು ನನಗೂ ಗೊತ್ತಿಲ್ಲ. ಪಾಪ, ಅವರು ಪ್ರತಿಯೊಂದಕ್ಕೂ "ಮಾಡೀನ್ರಿ ಸರ, ಹಂಗೇ ಐತ್ರಿ" ಎನ್ನುತ್ತಿದ್ದರು. ಅಷ್ಟರಲ್ಲಿ ಸುದ್ದಿ ಮುಟ್ಟಿ ಗೌಡರ ಫೋನು ಬಂತು. "ಏನ್ರಿ ಇದು? ನಿನ್ನಿ ಆಗೈತಿ ಅಂದ್ರಿ." ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯದೆ ಮಾತಾಡಿತು: "ನಮ್ಮ ಕಡಿಂದ ಎಲ್ಲಾ ಸರಿ ಐತ್ರಿ. ಮಸ್ಕಿಗೆ ಲಿಂಗಸುಗೂರಿಂದ ಹೋಗ್ತೈತಿ, ಅಲ್ಲೇನೋ ಎಡವಟ್ಟಾಗಿರಬೇಕು." ಗೌಡರು, "ಆ ಮಷೀನ್ ಲಿಂಗಸುಗೂರು ಆಫೀಸಿನ ಅಮರಮ್ಮ ಮೇಡಂ ಖೋಲಿಯಾಗ ಐತಲ್ಲ, ಅವ್ರೇನರ ವೈರ್ ಕಿತ್ತಾರೇನು?" ಎಂದರು. "ಇರಬಹುದ್ರಿ" ಎಂದೆ.

ಇರಬಹುದ್ರಿ. ಈ ಒಂದು ಶಬ್ದವನ್ನು ವಾಪಸು ನುಂಗಲು ಆಗಿದ್ದರೆ ಅಂದಿನ ಉಳಿದ ರೊಟ್ಟಿಯ ಬದಲು ಅದನ್ನೇ ನುಂಗುತ್ತಿದ್ದೆ.

ಉಳಿದ ಮೇಷ್ಟ್ರುಗಳು ಪರೀಕ್ಷೆಯ ಚಹಾ ಬಿಸ್ಕೀಟಿನ ಚರ್ಚೆಯಲ್ಲಿದ್ದಾಗ ನಾನು ಮಸ್ಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವಂತೆ, ಪಕ್ಕದ ಸೀಟಿನವರು ಹೇಳಿದರು. ಮಸ್ಕಿ ಬಸ್‌ಸ್ಟ್ಯಾಂಡಿನ ಒಗ್ಗರಣಿ ಮಿರ್ಚಿಯ ವಾಸನೆಗೆ ಎಂದೂ ಸೋಲದೆ ಇದ್ದವನಲ್ಲ ನಾನು, ಅಂದು ಮೂಗು ಮುಚ್ಚಿಕೊಂಡು ನಡೆದೆ. ಲ್ಯಾಬಿನ ಮುಂದೆ ಮರುದಿನದ ಪರೀಕ್ಷೆಯ ಆಸನಗಳ ಪಟ್ಟಿ ಅಂಟಿಸಿದ್ದರು. ಕೆಲವು ಮಕ್ಕಳು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ನನ್ನನ್ನು ಕಂಡು ನಮಸ್ಕಾರ ಮಾಡಿದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಲ್ಯಾಬಿನ ಕಂಪ್ಯೂಟರಿನ ಮುಂದೆ ಕೂತು, ಪರೀಕ್ಷೆಯ ಯಂತ್ರದ ನಂಬರು ಏನು ಎಂದು ಕೇಳಿದೆ. ಅದು ಲಿಂಗಸುಗೂರನ್ನು ಕೇಳಿ ಉತ್ತರ ಹೇಳಿತು. ಹಳೆಯ ನಂಬರು. ಸೋರುವ ಕೋಣೆಯ, ಈಗ ಯಾವ ಯಂತ್ರವೂ ಇಲ್ಲದ ನಂಬರು. ನನಗೆ ಮಾವನವರು ಮಂಚ ಸರಿಸಿದ್ದು ನೆನಪಾಯಿತು. ಖಾಜಾ ಮೇಷ್ಟ್ರು ಮೆಲ್ಲಗೆ, "ಹಂಗಾದ್ರ ತಪ್ಪು ಲಿಂಗಸುಗೂರಂದಾ ಏನ್ರಿ ಸರ?" ಎಂದರು. ಗೌಡರಿಗೆ ಹೇಳಿದ ಸುಳ್ಳು ನಿಜವಾಗುವ ಲಕ್ಷಣ ಕಂಡು ನನಗೆ, ಹೇಳಲು ನಾಚಿಕೆಯಾಗುತ್ತದೆ, ತುಸು ಸಂತೋಷವೇ ಆಯಿತು.

ಸಂತೋಷ ಲಿಂಗಸುಗೂರಿನ ಬಸ್ಸು ಹತ್ತುವತನಕ ಇತ್ತು. ಅಲ್ಲಿನ ಆಫೀಸಿಗೆ ಕಾಲಿಡದೆ ನಾನು ಆರು ತಿಂಗಳು ತಪ್ಪಿಸಿಕೊಂಡಿದ್ದೆ. ಕಾರಣ ಅಮರಮ್ಮ ಮೇಡಂ. ಗುರುಗುಂಟಾದಿಂದ ದಿನಾ ಬಸ್ಸಿನಲ್ಲಿ ಬರುವ ಇವರು ಆ ಆಫೀಸಿನ ಆವಕ ಜಾವಕ ನೋಡಿಕೊಳ್ಳುತ್ತಾರೆ. ಬಂದ ಕಾಗದಕ್ಕೆ ಆವಕ ನಂಬರು, ಹೋಗುವ ಕಾಗದಕ್ಕೆ ಜಾವಕ ನಂಬರು. ಆರು ತಿಂಗಳ ಹಿಂದೆ ನಾನು ಪರೀಕ್ಷಾ ಮೇಲ್ವಿಚಾರಕರ ಪಟ್ಟಿ ಕಳಿಸಿದ್ದೆ. ಅದರಲ್ಲಿ ಒಬ್ಬರೇ ಮೇಷ್ಟ್ರನ್ನು ಎರಡು ಕೋಣೆಗೆ ಹಾಕಿದ್ದೆ. ತಪ್ಪು ಗೊತ್ತಾದ ಮೇಲೆ ತಿದ್ದಿದ ಪಟ್ಟಿಯನ್ನು ಅದೇ ಜಾವಕ ನಂಬರಿನಲ್ಲಿ ಕಳಿಸಿದೆ. ಅವರು ಮೇಲಿನ ನಂಬರು ನೋಡಿ, ಇದು ಆಗಲೇ ಬಂದಿದೆ ಎಂದು ಫೈಲಿಗೆ ಹಾಕಿದರು. ಪರೀಕ್ಷೆಯ ದಿನ ಒಂದು ಕೋಣೆಗೆ ಮೇಷ್ಟ್ರೇ ಇಲ್ಲ. ನಾನು ಎಲ್ಲರ ಮುಂದೆ, "ಒಳಗೇನು ಬರದೈತಿ ಅಂತ ಓದಾಕ ಬರಂಗಿಲ್ಲೇನ್ರಿ ನಿಮಗ?" ಎಂದು ಕೂಗಾಡಿದ್ದೆ. ಅವರು ದನಿ ಎತ್ತದೆ, "ಓದಾಕ ಬರ್ತೈತ್ರಿ ಸರ. ಬಂದ ಕಾಗದ ಎಲ್ಲಾ ಓದಕೋತ ಕುಂತ್ರ ಕೆಲಸ ಆಗಂಗಿಲ್ರಿ. ನಾ ನಂಬರ್ ನೋಡ್ತೀನಿ" ಎಂದಿದ್ದರು. ಆಫೀಸಿನಲ್ಲಿ ಕರೆಂಟು ಹೋದರೂ ಯಂತ್ರ ನಡೆಸುವ ಬ್ಯಾಟರಿ ಇರುವುದು ಅವರ ಕೋಣೆಯಲ್ಲಿ ಮಾತ್ರ. ಹಾಗಾಗಿ ನನ್ನ ಸರ್ವರು ಕೂತಿರುವುದು ಅವರ ಅಲಮಾರಿನ ಪಕ್ಕ, ಅದರ ಪಾಸ್‌ವರ್ಡಿನ ಚೀಟಿ ಇರುವುದು ಆ ಅಲಮಾರಿನ ಒಳಗೆ.

ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಅಮರಮ್ಮ ಮೇಡಂ ತಲೆಯೆತ್ತಿ, "ಬರ್ರಿ ಸರ" ಎಂದರು. ಚೀಟಿ ಮೇಜಿನ ಮೇಲೆ ತೆಗೆದಿಟ್ಟಿದ್ದರು. "ಗೌಡ್ರು ಮುಂಜಾನೆ ಫೋನ್ ಮಾಡಿ ಬೈದ್ರು. ವೈರ್ ನಾ ಮುಟ್ಟಿಲ್ರಿ ಸರ. ಕಸಾ ಹೊಡೆಯೋರಿಗೂ ಆ ಮೂಲಿಗೆ ಹೋಗಗೊಡಂಗಿಲ್ಲ, ನಾನೇ ಒರಸ್ತೀನಿ."

ನಿಜ. ಯಂತ್ರದ ಮೇಲೆ ಒಂದು ಎಳೆ ಧೂಳಿರಲಿಲ್ಲ. ವೈರುಗಳೆಲ್ಲ ಇದ್ದಲ್ಲೇ ಇದ್ದವು. ನಾನು ಬಂದ್ ಮಾಡಿ ಚಾಲೂ ಮಾಡಿದೆ, ಹಳೆಯ ನಂಬರೇ. ಮತ್ತೊಮ್ಮೆ ಮಾಡಿದೆ, ಹಳೆಯ ನಂಬರೇ. ಗಂಟೆ ಮೂರಾಯಿತು. ಅಂಗಿ ಬೆನ್ನಿಗೆ ಅಂಟಿತು. ಮರುದಿನ ಹತ್ತಕ್ಕೆ ಮಸ್ಕಿಯ ಮಕ್ಕಳು ಖಾಲಿ ಪರದೆಯ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿತು. ಮೇಡಂ ಚಹಾ ತರಿಸಿ ಪಕ್ಕದಲ್ಲಿಟ್ಟು, "ಏನಾಗೈತ್ರಿ ಅದಕ್ಕ?" ಎಂದರು.

ಬೇರೆ ದಿನವಾಗಿದ್ದರೆ ನಿಮಗೆ ತಿಳಿಯುವುದಿಲ್ಲ ಎನ್ನುತ್ತಿದ್ದೆ. ಅಂದು ಯಾರಿಗಾದರೂ ಹೇಳಿಕೊಂಡರೆ ಸಾಕಾಗಿತ್ತು. "ಸಿಂಧನೂರಿನ ಪಟ್ಟಿ ತಿದ್ದೀನ್ರಿ. ಇದು ಅದರ ನಕಲು ತಗೋಬೇಕು. ಹೊಸದೇನರ ಐತೇನಂತ ಆಗಾಗ ಕೇಳ್ತೈತಿ. ಇವತ್ತೂ ಕೇಳೈತಿ. ಆದ್ರ ಹೊಸದೇನಿಲ್ಲ ಅನ್ಕೊಂಡು ಸುಮ್ಮನ ಕುಂತೈತಿ."

"ಹೊಸದು ಬಂದೈತಿ ಅಂತ ಅದಕ್ಕ ಹೆಂಗ ಗೊತ್ತಾಗ್ತೈತ್ರಿ? ಪಟ್ಟಿ ಪೂರಾ ಓದ್ತೈತೇನು?"

"ಇಲ್ರಿ, ಪೂರಾ ಓದಂಗಿಲ್ಲ. ಪಟ್ಟಿ ಮ್ಯಾಲಿನ ಸಾಲಿನಾಗ ಒಂದು ನಂಬರ್ ಇರತೈತಿ. ತಿದ್ದಿದಾಗೊಮ್ಮೆ ಆ ನಂಬರ್ ಏರಸಬೇಕು. ಇದು ಬರೇ ಆ ನಂಬರ್ ನೋಡ್ತೈ..."

ಅಮರಮ್ಮ ಮೇಡಂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. "ಆ ನಂಬರ್ ಬದ್ಲಿ ಮಾಡೀರೇನ್ರಿ ಸರ?" ಎಂದಷ್ಟೇ ಕೇಳಿದರು.

ಮಾಡಿರಲಿಲ್ಲ. ಗೌಡರು ಕುರ್ಚಿ ಹಿಡಿದು ನಿಂತಿದ್ದ ಆ ಗಡಿಬಿಡಿಯಲ್ಲಿ ಕೆಳಗಿನ ಸಾಲು ತಿದ್ದಿ, ಮೇಲಿನದನ್ನು ಬಿಟ್ಟು ಎದ್ದಿದ್ದೆ. ಪ್ರತಿ ವರ್ಷ ಮಕ್ಕಳಿಗೆ ಐದು ಅಂಕಕ್ಕೆ ಕೇಳುವ ಪ್ರಶ್ನೆ ಅದು. ಬರೆಯದಿದ್ದವರಿಗೆ ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಗಮನವಿರಲಿ" ಎಂದು ಬರೆಯುತ್ತೇನೆ. ಅಲ್ಲಿಂದಲೇ ಸಿಂಧನೂರಿನ ಯಂತ್ರದೊಳಗೆ ಹೋಗಿ ನಂಬರಿಗೆ ಒಂದು ಕೂಡಿಸಿದೆ. ಚಹಾ ಒಂದು ಗುಟುಕು ಇಳಿಯುವಷ್ಟರಲ್ಲಿ ಲಿಂಗಸುಗೂರಿನ ಯಂತ್ರ ಹೊಸ ಪಟ್ಟಿ ತೆಗೆದುಕೊಂಡಿತು. ಖಾಜಾ ಮೇಷ್ಟ್ರು ಫೋನು ಮಾಡಿದರು: "ಏನಿಲ್ರಿ ಸರ, ತೆರದೈತ್ರಿ." ಮನೆಯಲ್ಲಿ ಕೂತು ಮಾಡಬಹುದಾಗಿದ್ದ ಕೆಲಸಕ್ಕೆ ಎರಡು ಬಸ್ಸು ಹಿಡಿದು ಬಂದಿದ್ದೆ.

ಗೌಡರಿಗೆ ಸುದ್ದಿ ಹೇಳಿದೆ. "ಏನಾಗಿತ್ರಿ?" ಎಂದರು. ಎದುರಿಗೆ ಮೇಡಂ ಕಾಗದಗಳಿಗೆ ಠಸ್ಸೆ ಒತ್ತುತ್ತಿದ್ದರು. "ಒಂದು ನಂಬರ್ ತಪ್ಪಾಗಿತ್ರಿ, ಸರಿಯಾತು" ಎಂದೆ. ಯಾರ ತಪ್ಪು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಠಸ್ಸೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಶನಿವಾರದ ಪರೀಕ್ಷೆ ಮೂರೂ ಊರಿನಲ್ಲಿ ಸರಿಯಾಗಿ ಹತ್ತಕ್ಕೆ ನಡೆಯಿತು. ಮೀಟಿಂಗಿನಲ್ಲಿ ಗೌಡರು ನನ್ನನ್ನು ಹೊಗಳಿದರು. ನನಗೆ ಕೇಳಿಸುತ್ತಿದ್ದುದು ಆ ಠಸ್ಸೆ ನಿಂತ ಸದ್ದು ಮಾತ್ರ.

ಸೋಮವಾರ ಕೂತು ಪತ್ರ ಬರೆದೆ. ತಪ್ಪು ಪೂರ್ತಿ ನನ್ನದು, ಅಮರಮ್ಮ ಮೇಡಂ ಅವರದು ಏನೂ ಇಲ್ಲ, ಆರು ತಿಂಗಳ ಹಿಂದಿನದೂ ನನ್ನದೇ, ಕ್ಷಮೆಯಿರಲಿ. ಒಂದು ಪ್ರತಿ ಗೌಡರಿಗೆ ಎಂದು ಎತ್ತಿಟ್ಟು, ಮೇಡಂ ಹೆಸರಿನದನ್ನು ಲಿಂಗಸುಗೂರಿನ ಟಪಾಲಿನಲ್ಲಿ ಹಾಕಿದೆ. ಬುಧವಾರ ಅದೇ ಲಕೋಟೆಯಲ್ಲಿ ವಾಪಸು ಬಂತು. ಮೂಲೆಯಲ್ಲಿ ಪೆನ್ಸಿಲಿನಿಂದ, ಗುಂಡನೆಯ ಅಕ್ಷರದಲ್ಲಿ ಬರೆದಿದ್ದರು: ಜಾವಕ ನಂಬರ್ ಇಲ್ಲ, ಹಾಕಿ ಕಳಿಸಿರಿ.

ಶಾಂತಾಗೆ ತೋರಿಸಿ, ಗಡಿಬಿಡಿಯಲ್ಲಿ ಮರೆತೆ ಎಂದೆ. ಅವಳು ಪತ್ರ ಓದಿ ನನ್ನ ಮುಖ ನೋಡಿ, "ಮರತ್ರೇನು?" ಎಂದಳು. ಜಾವಕ ನಂಬರು ಬೇಕಾದರೆ ಸಿಂಧನೂರಿನ ಆಫೀಸಿನ ರಿಜಿಸ್ಟರಿನಲ್ಲಿ ಬರೆಯಿಸಬೇಕು. ಅದರಲ್ಲಿ ವಿಷಯ ಎಂಬ ಒಂದು ಕಾಲಂ ಇದೆ, ಅಲ್ಲಿ ಕ್ಷಮಾಪಣೆ ಎಂದೇ ಬರೆಯಬೇಕು. ಆ ರಿಜಿಸ್ಟರು ದಿನವಿಡೀ ಮೇಜಿನ ಮೇಲೆ ತೆರೆದೇ ಇರುತ್ತದೆ, ಗೌಡರಿಂದ ಹಿಡಿದು ಚಹಾ ತರುವವರ ತನಕ ಎಲ್ಲರೂ ಓದುತ್ತಾರೆ. ಎರಡು ಸಲ ಹೋಗಿ ಅದರ ಮುಂದೆ ನಿಂತು, ಪೆನ್ನು ತೆಗೆದು, ದಿನಾಂಕ ಕೇಳಿಕೊಂಡು ವಾಪಸು ಬಂದೆ. ಪತ್ರ, ಗೌಡರ ಪ್ರತಿಯ ಸಮೇತ, ಇನ್ನೂ ನನ್ನ ಬ್ಯಾಗಿನಲ್ಲಿದೆ. ಲಿಂಗಸುಗೂರಿನಲ್ಲಿ ಅಮರಮ್ಮ ಮೇಡಂ ಅವರ ರಿಜಿಸ್ಟರಿನ ಪ್ರಕಾರ, ನನ್ನಿಂದ ಹೊಸದೇನೂ ಬಂದಿಲ್ಲ.